ಕ್ಲೈಂಟ್ ಊರಲ್ಲಿಲ್ಲದಾಗ ಆದಾಯದ ದಾಖಲೆ ತೆಗೆಯುವುದು: ಮುಖ್ತ್ಯಾರನಾಮೆ ಎಲ್ಲಿ ನಡೆಯುತ್ತದೆ, ಎಲ್ಲಿ ನಡೆಯುವುದಿಲ್ಲ

ರಿಟರ್ನ್ ಸಲ್ಲಿಸುವ ಜುಲೈ ಹತ್ತಿರ ಬಂತೆಂದರೆ ಕಲಬುರಗಿ, ಬೀದರ್, ಯಾದಗಿರಿ ಕಡೆಯ ತೆರಿಗೆ ಸಲಹೆಗಾರರ ಮೇಜಿನ ಮೇಲೆ ಮುಖ್ತ್ಯಾರನಾಮೆಗಳು, ಅಂದರೆ ತಮ್ಮ ಪರವಾಗಿ ಕೆಲಸ ಮಾಡಲು ಇನ್ನೊಬ್ಬರಿಗೆ ಅಧಿಕಾರ ಕೊಡುವ ಪತ್ರಗಳು, ಬಂದು ಬೀಳುತ್ತವೆ. ಮಗ ದುಬೈಯಲ್ಲಿ, ತಮ್ಮ ಪುಣೆಯಲ್ಲಿ, ನಿವೃತ್ತ ಮಾಸ್ತರು ಹೈದರಾಬಾದಿನ ಮಗಳ ಮನೆಯಲ್ಲಿ. ಊರಲ್ಲಿರುವವರು ನೋಟರಿ ಮಾಡಿಸಿದ ಕಾಗದ ಕೊಟ್ಟು, "ಸಾಹೇಬ್ರ, ಇದರ ಮ್ಯಾಲಿಂದ ಎಲ್ಲಾ ತಗೀರಿ" ಅನ್ನುತ್ತಾರೆ. ಆ ಕಾಗದ ಬ್ಯಾಂಕಿನಲ್ಲಿ ಕೆಲಸಕ್ಕೆ ಬರಬಹುದು. ಆದಾಯ ತೆರಿಗೆ ಪೋರ್ಟಲ್ ಮಾತ್ರ ಅದರಿಂದ ತೆರೆಯುವುದಿಲ್ಲ.

ಮೊದಲು ಮೂರು ಕೆಲಸಗಳನ್ನು ಬೇರೆ ಬೇರೆ ಇಟ್ಟುಕೊಳ್ಳಿ: ದಾಖಲೆ ನೋಡುವುದು, ಅಧಿಕಾರಿಗೆ ಉತ್ತರ ಕೊಡುವುದು, ರಿಟರ್ನ್‌ಗೆ ಸಹಿ ಹಾಕುವುದು. ಮೂರಕ್ಕೂ ಒಪ್ಪಿಗೆ ಪಡೆಯುವ ರೀತಿ ಬೇರೆ. ಎಲ್ಲ ಕೆಲಸಕ್ಕೂ ಅಧಿಕಾರ ಕೊಡುವ ಒಂದೇ ಆಮ್ ಮುಖ್ತ್ಯಾರನಾಮೆಯಲ್ಲಿ ಮೂರನ್ನೂ ಮುಗಿಸಲು ಹೊರಟವರೇ ಕೊನೆಯ ವಾರ ಪರದಾಡುವುದು.

ಪೋರ್ಟಲ್‌ನಿಂದ ಶುರು ಮಾಡೋಣ. ಮೂಲದಲ್ಲೇ ಕಡಿತವಾದ ತೆರಿಗೆ, ಅಂದರೆ ಟಿಡಿಎಸ್ ತೋರಿಸುವ ಫಾರಂ 26ಎಎಸ್, ವಾರ್ಷಿಕ ಮಾಹಿತಿ ಪಟ್ಟಿಯಾದ ಎಐಎಸ್, ಅದರ ಸಾರಾಂಶವಾದ ಟಿಐಎಸ್ ಮೂರೂ ಕ್ಲೈಂಟ್‌ನ ಲಾಗಿನ್‌ನಲ್ಲಿ ಸಿಗುತ್ತವೆ. ನೀವು ಇ-ರಿಟರ್ನ್ ಇಂಟರ್ಮೀಡಿಯರಿ, ಅಂದರೆ ಇಆರ್‌ಐ ಆಗಿ ನೋಂದಾಯಿಸಿಕೊಂಡಿದ್ದರೆ ನಿಮ್ಮ ಲಾಗಿನ್‌ನಿಂದಲೇ ಕ್ಲೈಂಟ್‌ನ ಪ್ಯಾನ್ ಹಾಕಿ ಸೇರಿಸಿಕೊಳ್ಳಬಹುದು. ಆಗ ಅವರ ಮೊಬೈಲ್‌ಗೂ ಇಮೇಲ್‌ಗೂ ಒಟಿಪಿ ಹೋಗುತ್ತದೆ. ಅದನ್ನು 15 ನಿಮಿಷದೊಳಗೆ ಹಾಕಬೇಕು, ತಪ್ಪಲು ಅವಕಾಶ ಮೂರೇ ಸಲ. ಆದ್ದರಿಂದ ಫೋನ್ ಮಾಡಿ ಅವರನ್ನು ಲೈನ್ ಮೇಲೆ ಇಟ್ಟುಕೊಂಡೇ ಗುಂಡಿ ಒತ್ತಿ. ಗಲ್ಫ್‌ನಲ್ಲಿದ್ದರೆ ಅಲ್ಲಿಯ ಡ್ಯೂಟಿ ಸಮಯ ಮೊದಲೇ ಕೇಳಿಕೊಳ್ಳಿ. ಪೋರ್ಟಲ್‌ನಲ್ಲಿ ಚಾರ್ಟರ್ಡ್ ಅಕೌಂಟೆಂಟ್‌ರನ್ನು ಸೇರಿಸುವ ಇನ್ನೊಂದು ದಾರಿಯೂ ಇದೆ. ಅದು ಆಡಿಟ್ ವರದಿಯಂಥ ಫಾರಂಗಳನ್ನು ಅವರಿಗೆ ವಹಿಸಿಕೊಡುವುದಕ್ಕೆ ಇರುವಂಥದ್ದು. ಅದನ್ನು ಮಾಡಿಸಿ ಎಐಎಸ್ ಕಾಣಲಿಲ್ಲವೆಂದು ಕಾಯುತ್ತ ಕೂರಬೇಡಿ.

ನಮ್ಮ ಕಡೆ ಇಲ್ಲೇ ದೊಡ್ಡ ತೊಡಕು. ಕ್ಲೈಂಟ್‌ನ ಖಾತೆಯಲ್ಲಿ ಇರುವ ಮೊಬೈಲ್ ನಂಬರ್ ಅವರದಾಗಿರುವುದಿಲ್ಲ. ನಾಲ್ಕೈದು ವರ್ಷದ ಹಿಂದೆ ರಿಟರ್ನ್ ತುಂಬಿಕೊಟ್ಟ ಇಂಟರ್ನೆಟ್ ಅಂಗಡಿಯವರು ತಮ್ಮ ನಂಬರ್, ತಮ್ಮ ಇಮೇಲ್ ಹಾಕಿಬಿಟ್ಟಿರುತ್ತಾರೆ. ಒಟಿಪಿ ಅಲ್ಲಿಗೆ ಹೋಗುತ್ತದೆ, ಇಲಾಖೆಯ ನೋಟಿಸೂ ಅಲ್ಲಿಗೇ ಹೋಗುತ್ತದೆ. ಅಂಗಡಿಯವರನ್ನು ಹುಡುಕಿಕೊಂಡು ಹೋಗುವ ಅಗತ್ಯವಿಲ್ಲ. ಆಧಾರ್‌ಗೆ ಜೋಡಿಸಿದ ಮೊಬೈಲ್ ಕ್ಲೈಂಟ್ ಹತ್ತಿರ ಇದ್ದರೆ ಆಧಾರ್ ಒಟಿಪಿಯಿಂದ ಪಾಸ್‌ವರ್ಡ್ ಹೊಸದು ಮಾಡಿಸಿ, ಪ್ರೊಫೈಲ್‌ಗೆ ಹೋಗಿ ಸಂಪರ್ಕದ ವಿವರ ಬದಲಿಸಿ. ನೆಟ್ ಬ್ಯಾಂಕಿಂಗ್ ಇದ್ದವರು ಬ್ಯಾಂಕಿನ ಮೂಲಕವೇ ಪೋರ್ಟಲ್‌ಗೆ ಒಳಹೋಗಬಹುದು. ಎರಡೂ ಇಲ್ಲದವರು ಆಧಾರ್ ಸೇವಾ ಕೇಂದ್ರದಲ್ಲಿ ನಂಬರ್ ಸರಿಪಡಿಸಿಕೊಳ್ಳಬೇಕು. ಆ ಕೆಲಸಕ್ಕೆ ಅವರೇ ಬೆರಳು ಕೊಡಬೇಕು. ಹಾಗಾಗಿ ಇಂಥವರನ್ನು ಜುಲೈಗೆ ಬಿಡದೆ, ಜಾತ್ರೆಗೋ ಹಬ್ಬಕ್ಕೋ ಊರಿಗೆ ಬಂದಾಗಲೇ ಹಿಡಿದು ಮಾಡಿಸಿ. ಪಾಸ್‌ವರ್ಡನ್ನು ನಿಮ್ಮ ವಹಿಯಲ್ಲಿ ಬರೆದಿಟ್ಟುಕೊಳ್ಳುವ ರೂಢಿ ಬಿಡಿ. ನಾಳೆ ಆ ಖಾತೆಯಿಂದ ಯಾರೋ ಸುಳ್ಳು ರಿಫಂಡ್ ಕೇಳಿದರೆ ಮೊದಲ ಪ್ರಶ್ನೆ ಬರುವುದು ನಿಮಗೇ.

ಪೋರ್ಟಲ್‌ನ ಹೊರಗಿನ ದಾಖಲೆಗಳಿಗೆ ಕಾಗದ ಬೇಕು. ಬ್ಯಾಂಕಿನ ಬಡ್ಡಿ ಪ್ರಮಾಣಪತ್ರ, ಬಡ್ಡಿಯ ಮೇಲಿನ ಟಿಡಿಎಸ್ ಪ್ರಮಾಣಪತ್ರವಾದ ಫಾರಂ 16ಎ, ಖಾತೆಯ ಸ್ಟೇಟ್‌ಮೆಂಟ್, ನೌಕರಿ ಕೊಟ್ಟವರಿಂದ ಸಂಬಳದ ಟಿಡಿಎಸ್ ತೋರಿಸುವ ಫಾರಂ 16, ಗಂಜ್‌ನ (ಕೃಷಿ ಮಾರುಕಟ್ಟೆಯ) ಅಡತಿ, ಅಂದರೆ ದಲಾಲಿ ಅಂಗಡಿಯಿಂದ ವರ್ಷದ ಮಾರಾಟದ ಪಟ್ಟಿಗಳು ಇದರಲ್ಲಿ ಬರುತ್ತವೆ. ಇವಕ್ಕೆ ಆಮ್ ಮುಖ್ತ್ಯಾರನಾಮೆಗಿಂತ ಗೊತ್ತುಪಡಿಸಿದ ಕೆಲಸಕ್ಕೆ ಮಾತ್ರ ಅಧಿಕಾರ ಕೊಡುವ ಖಾಸ್ ಮುಖ್ತ್ಯಾರನಾಮೆ ಒಳ್ಳೆಯದು. ಆಸ್ತಿ ಮಾರುವವರೆಗೆ ಅಧಿಕಾರ ಬರೆದಿರುವ ಆಮ್ ಕಾಗದ ಕಂಡರೆ ಬ್ಯಾಂಕ್ ಮ್ಯಾನೇಜರ್ ಅದನ್ನು ತಮ್ಮ ಕಾನೂನು ವಿಭಾಗಕ್ಕೆ ಕಳಿಸಿ ಕೂರುತ್ತಾರೆ. ಕೇಳುವುದು ಎಷ್ಟು, ಕೇಳದಿರುವುದು ಏನು ಎರಡೂ ಬರೆದಿದ್ದರೆ ಅವರಿಗೆ ನಿರ್ಧಾರ ಸುಲಭ. ಒಕ್ಕಣೆ ಹೀಗಿರಲಿ:

"2024-25ರ ಆರ್ಥಿಕ ವರ್ಷಕ್ಕೆ ಸಂಬಂಧಿಸಿದ ನನ್ನ ಉಳಿತಾಯ ಹಾಗೂ ಠೇವಣಿ ಖಾತೆಗಳ ಸ್ಟೇಟ್‌ಮೆಂಟ್, ಬಡ್ಡಿ ಪ್ರಮಾಣಪತ್ರ ಮತ್ತು ಫಾರಂ 16ಎ ಪ್ರತಿಗಳನ್ನು ನನ್ನ ಪರವಾಗಿ ಕೇಳಿ ಪಡೆಯಲು ಇವರಿಗೆ ಅಧಿಕಾರ ಕೊಟ್ಟಿದ್ದೇನೆ. ಹಣ ತೆಗೆಯಲು, ಠೇವಣಿ ಮುರಿಯಲು, ಸಾಲ ಪಡೆಯಲು, ಖಾತೆ ಮುಚ್ಚಲು ಈ ಪತ್ರದಿಂದ ಯಾವ ಅಧಿಕಾರವೂ ಇರುವುದಿಲ್ಲ."

ಇದರ ಮೇಲೆ ಪ್ಯಾನ್, ಶಾಖೆಯ ಹೆಸರು, ಖಾತೆಯ ಸಂಖ್ಯೆ, ಪತ್ರ ಎಲ್ಲಿಯವರೆಗೆ ನಡೆಯುತ್ತದೆ ಎಂಬ ತಾರೀಖು, ಇಬ್ಬರ ಫೋಟೋ, ಇಬ್ಬರು ಸಾಕ್ಷಿಗಳ ಸಹಿ ಇರಲಿ. ಸಹಿ ಬ್ಯಾಂಕಿನಲ್ಲಿರುವ ಮಾದರಿ ಸಹಿಗೆ ಹೊಂದಬೇಕು. ಹಿಂದೆ ಕನ್ನಡದಲ್ಲಿ ಸಹಿ ಕೊಟ್ಟು ಈಗ ಇಂಗ್ಲಿಷ್‌ನಲ್ಲಿ ಹಾಕಿದರೆ ಅಲ್ಲಿಗೆ ಮುಗಿಯಿತು. ಹೆಸರಿನ ಕಾಟ ಇನ್ನೂ ಜಾಸ್ತಿ. ಪ್ಯಾನ್‌ನಲ್ಲಿ ಶರಣಪ್ಪ, ಪಾಸ್‌ಬುಕ್‌ನಲ್ಲಿ ಶರ್ಣಪ್ಪ, ಆಧಾರ್‌ನಲ್ಲಿ ಶರಣಬಸಪ್ಪ. ಮೂರನ್ನೂ "ಉರುಫ್" ಹಾಕಿ ಒಂದೇ ಸಾಲಿನಲ್ಲಿ ಬರೆಯಿರಿ.

ಮುದ್ರಾಂಕಕ್ಕೆ ಹಳೆಯ ಲೆಕ್ಕ ಹಿಡಿಯಬೇಡಿ. 2024ರ ಫೆಬ್ರವರಿಯಿಂದ ರಾಜ್ಯದಲ್ಲಿ ಹಲವು ದಸ್ತಾವೇಜುಗಳ ಶುಲ್ಕ ಏರಿದೆ. ಇ-ಸ್ಟಾಂಪ್ ತೆಗೆಸುವಾಗ ಈಗಿನ ದರ ಕೇಳಿ, ಮೊದಲ ಪಕ್ಷದ ಜಾಗದಲ್ಲಿ ಅಧಿಕಾರ ಕೊಡುವವರ ಹೆಸರೇ ಬಂದಿದೆಯೇ ನೋಡಿಕೊಳ್ಳಿ. ವಿದೇಶದಲ್ಲಿ ಬರೆದ ಕಾಗದವಾದರೆ ಅಲ್ಲಿಯ ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿಕೊಂಡು ಮೂಲಪ್ರತಿಯನ್ನೇ ಕಳಿಸಲಿ. ವಾಟ್ಸ್ಆ್ಯಪ್ ಫೋಟೋ ನಡೆಯುವುದಿಲ್ಲ. ರಾಜ್ಯಕ್ಕೆ ಬಂದ ದಿನದಿಂದ ಮೂರು ತಿಂಗಳೊಳಗೆ ಇಲ್ಲಿಯ ಮುದ್ರಾಂಕ ಶುಲ್ಕ ಕಟ್ಟಬೇಕು. ಕೊರಿಯರ್ ಲಕೋಟೆಯನ್ನು ಬಿಸಾಡದೆ ಕಾಗದದ ಜೊತೆ ಪಿನ್ ಮಾಡಿಡಿ, ಬಂದ ತಾರೀಖಿಗೆ ಅದೇ ಪುರಾವೆ.

ಸಹಿಯ ವಿಷಯ. 1961ರ ಆದಾಯ ತೆರಿಗೆ ಕಾಯ್ದೆಯ 140ನೇ ಕಲಂ ಪ್ರಕಾರ ವ್ಯಕ್ತಿ ಭಾರತದಲ್ಲಿ ಇಲ್ಲದಿದ್ದರೆ, ಅಥವಾ ಬೇರೆ ಕಾರಣಕ್ಕೆ ಸಹಿ ಮಾಡಲಾಗದಿದ್ದರೆ, ಮುಖ್ತ್ಯಾರನಾಮೆ ಇರುವವರು ಅವರ ಪರವಾಗಿ ರಿಟರ್ನ್‌ಗೆ ಸಹಿ ಹಾಕಬಹುದು. ಇದಕ್ಕೂ ಪೋರ್ಟಲ್‌ನಲ್ಲಿ ಕೋರಿಕೆ ಹೋಗಬೇಕು. ಕ್ಲೈಂಟ್ ತಮ್ಮ ಲಾಗಿನ್‌ನಲ್ಲಿ ಅಧಿಕೃತ ಪಾಲುದಾರರ ಮೆನುವಿಗೆ ಹೋಗಿ, ತಮ್ಮ ಪರವಾಗಿ ಇನ್ನೊಬ್ಬರಿಗೆ ಅಧಿಕಾರ ಕೊಡುವ ಆಯ್ಕೆ ತೆಗೆದು, ಕಾರಣವನ್ನೂ ಅವರ ಪ್ಯಾನನ್ನೂ ಕೊಡಬೇಕು. ಆ ಕಡೆಯವರು ತಮ್ಮ ಲಾಗಿನ್‌ನಲ್ಲಿ ಅದನ್ನು ಒಪ್ಪಿಕೊಳ್ಳಬೇಕು. ಪುಣೆಯಲ್ಲಿರುವ ತಮ್ಮನಿಗೆ ಈ ದಾರಿ ಸುಮ್ಮನೆ ಸುತ್ತು. ಅವನು ಅಲ್ಲಿಂದಲೇ ಆಧಾರ್ ಒಟಿಪಿಯಿಂದ ರಿಟರ್ನ್ ದೃಢೀಕರಿಸಲಿ.

ನೋಟಿಸ್‌ಗೆ ಉತ್ತರ ಕೊಡುವವರು ಯಾರಿರಬಹುದೆಂದು 288ನೇ ಕಲಂ ಹೇಳುತ್ತದೆ: ಸಂಬಂಧಿಕರು, ಖಾಯಂ ನೌಕರ, ವಕೀಲ, ಚಾರ್ಟರ್ಡ್ ಅಕೌಂಟೆಂಟ್ ಮೊದಲಾದವರು. ವಾಣಿಜ್ಯ ಅಥವಾ ಕಾನೂನು ಪದವೀಧರರಿಗೂ ಅವಕಾಶವಿದೆ. ಬಿ.ಕಾಂ. ಮುಗಿಸಿ ತಾಲೂಕು ಊರಲ್ಲಿ ಕಚೇರಿ ಇಟ್ಟವರು ಹಿಂಜರಿಯಬೇಕಿಲ್ಲ. ಲಿಖಿತ ಅಧಿಕಾರ ಪತ್ರ ಮಾತ್ರ ಬೇಕೇ ಬೇಕು, ಅದರಲ್ಲಿ ಯಾವ ವರ್ಷದ ಪ್ರಕರಣವೆಂದು ಬರೆದಿರಬೇಕು. 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಜಾರಿ, ಅದರಲ್ಲಿ ಕಲಂ ಸಂಖ್ಯೆಗಳು ಬೇರೆ. ಅದಕ್ಕೆ ಮುಂಚಿನ ವರ್ಷಗಳ ಪತ್ರದಲ್ಲಿ ಹಳೆಯ ಕಲಂನೇ ಬರೆಯಿರಿ.

ದಾಖಲೆ ಕೈಗೆ ಬಂದ ಮೇಲೆ ತಾರೀಖು ನೋಡಿ. ಜನವರಿಯಿಂದ ಮಾರ್ಚ್‌ವರೆಗಿನ ಟಿಡಿಎಸ್ ಲೆಕ್ಕ ಸಲ್ಲಿಸಲು ಮೇ 31ರ ತನಕ ಗಡುವಿರುತ್ತದೆ. ಏಪ್ರಿಲ್‌ನಲ್ಲಿ ಇಳಿಸಿಕೊಂಡ 26ಎಎಸ್ ನಂಬಿ ರಿಟರ್ನ್ ತುಂಬಿದರೆ ಕೊನೆಯ ಮೂರು ತಿಂಗಳು ಬಿಟ್ಟುಹೋಗುತ್ತದೆ. ಜೂನ್ ನಡುವೆ ಇನ್ನೊಮ್ಮೆ ಇಳಿಸಿ. ಎಐಎಸ್ ಪಿಡಿಎಫ್‌ನ ಪಾಸ್‌ವರ್ಡ್ ಅಂದರೆ ಸಣ್ಣಕ್ಷರದಲ್ಲಿ ಪ್ಯಾನ್, ಅದಕ್ಕೆ ಅಂಟಿಸಿ ಹುಟ್ಟಿದ ತಾರೀಖಿನ ಎಂಟು ಅಂಕಿ. 1968ರ ಜೂನ್ 5 ಆದರೆ 05061968.

ತೊಗರಿ ಸೀಮೆಯಲ್ಲಿ ಎಐಎಸ್ ಓದುವಾಗ ಎರಡು ಕಡೆ ಕಣ್ಣಿಡಿ. ಉಳಿತಾಯ ಖಾತೆಗೆ ವರ್ಷದಲ್ಲಿ 10 ಲಕ್ಷ ರೂಪಾಯಿ ಅಥವಾ ಹೆಚ್ಚು ನಗದು ಬಿದ್ದಿದ್ದರೆ ಬ್ಯಾಂಕ್ ಅದನ್ನು ಇಲಾಖೆಗೆ ತಿಳಿಸುತ್ತದೆ. ರೈತನ ತೊಗರಿ ದುಡ್ಡೇ ಆಗಿದ್ದರೂ ಪಹಣಿ ಮತ್ತು ಗಂಜ್‌ನ ಪಟ್ಟಿ ಎರಡನ್ನೂ ಜೋಡಿಸಿ ಇಟ್ಟುಕೊಳ್ಳಿ. ಕೃಷಿ ಆದಾಯ 5 ಲಕ್ಷ ದಾಟಿದರೆ ರಿಟರ್ನ್‌ನಲ್ಲಿ ಜಮೀನಿನ ಜಿಲ್ಲೆ, ಪಿನ್‌ಕೋಡ್, ಎಕರೆ, ಸ್ವಂತದ್ದೋ ಗುತ್ತಿಗೆಯದೋ, ನೀರಾವರಿಯೋ ಮಳೆಯಾಶ್ರಿತವೋ ಎಲ್ಲವೂ ಬೇಕು. ಇನ್ನೊಂದು ಅಡತಿಯವರದು. ಬಿಲ್ ಅವರ ಹೆಸರಿಗಿದ್ದರೆ ದಾಲ್ ಮಿಲ್‌ನವರು ಪೂರ್ತಿ ಖರೀದಿ ಮೊತ್ತವನ್ನೇ ಅವರ ಪ್ಯಾನ್ ಮೇಲೆ ತೋರಿಸುತ್ತಾರೆ, ಅವರಿಗೆ ಸಿಕ್ಕಿರುವುದು ದಲಾಲಿ ಮಾತ್ರ. ಈ ವ್ಯತ್ಯಾಸಕ್ಕೆ ರೈತರವಾರು ಪಟ್ಟಿಯ ನಕಲು ತರಿಸದೆ ರಿಟರ್ನ್ ಹಾಕಬೇಡಿ. ಜಂಟಿ ಖಾತೆಯ ಬಡ್ಡಿ ಮೊದಲ ಹೆಸರಿನವರ ಪ್ಯಾನ್‌ಗೆ ಬೀಳುತ್ತದೆಂಬುದೂ ನೆನಪಿರಲಿ.

ಅಧಿಕಾರ ಕೊಟ್ಟವರು ತೀರಿಕೊಂಡರೆ ಮುಖ್ತ್ಯಾರನಾಮೆ ಆ ಗಳಿಗೆಗೇ ಮುಗಿಯಿತು. ಆಮೇಲೆ ಅದರ ಮೇಲೆ ಸ್ಟೇಟ್‌ಮೆಂಟ್ ಕೂಡ ಕೇಳಬಾರದು. ವಾರಸುದಾರರು ಮರಣ ಪತ್ರ, ವಾರಸಾ ಪ್ರಮಾಣಪತ್ರ, ಇಬ್ಬರ ಪ್ಯಾನ್ ಪ್ರತಿ ಹಚ್ಚಿ ಪ್ರತಿನಿಧಿಯಾಗಿ ಪೋರ್ಟಲ್‌ನಲ್ಲಿ ನೋಂದಾಯಿಸಿಕೊಂಡರೆ ಅವರ ಲಾಗಿನ್‌ನಿಂದಲೇ ತೀರಿಕೊಂಡವರ ಕೊನೆಯ ರಿಟರ್ನ್ ಹಾಕಬಹುದು. ಬದುಕಿರುವವರ ಕೆಲಸ ಮುಗಿದ ಮೇಲೆ ಇಆರ್‌ಐ ಪಟ್ಟಿಯಿಂದ ಅವರ ಹೆಸರು ತೆಗೆಯಿರಿ, ಮೂಲ ಕಾಗದ ವಾಪಸ್ ಕೊಟ್ಟು ನಿಮ್ಮ ವಹಿಯಲ್ಲಿ ಸಹಿ ಹಾಕಿಸಿಕೊಳ್ಳಿ.