13 ವರ್ಷದ ವಿನಿಯರ್ ಬಿಚ್ಚಿದ ದಿನ

ಒಂದು ಕೈಯಲ್ಲಿ ಸೀರೆ ನೆರಿಗೆ ಹಿಡಿದುಕೊಂಡು, ಸೇಫ್ಟಿ ಪಿನ್ನನ್ನು ಹಲ್ಲಲ್ಲಿ ಕಚ್ಚಿ ಬಿಚ್ಚಿದ್ದಾರೆ. ಟಕ್ ಅಂತ ಸದ್ದಾಗಿದೆ. ಕನ್ನಡಿ ನೋಡಿದರೆ ಮುಂದಿನ ಹಲ್ಲಿನ ತುದಿಯೇ ಇಲ್ಲ. 2024ರಲ್ಲಿ ನನ್ನ ಹಳೆಯ ಪೇಷಂಟ್ ಒಬ್ಬರು ಹೀಗೆ ಗಾಬರಿಯಾಗಿ ತುಮಕೂರಿನ ನನ್ನ ಕ್ಲಿನಿಕ್‌ಗೆ ಬಂದರು. ಮುರಿದದ್ದು ಅವರ ಹಲ್ಲಲ್ಲ, 2011ರಲ್ಲಿ ನಾನೇ ಅದರ ಮುಂಭಾಗಕ್ಕೆ ಅಂಟಿಸಿದ್ದ ಸೆರಾಮಿಕ್ (ಪಿಂಗಾಣಿ) ವಿನಿಯರ್.

ಅವರು ಪಾವಗಡ ಕಡೆಯವರು. ಅಲ್ಲಿನ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಸುಣ್ಣ ಬಳಿದಂಥ ಪಟ್ಟೆ ಬರುತ್ತದೆ, ಕಂದು ಕಲೆ ಬರುತ್ತದೆ. ಎಷ್ಟು ಬ್ರಶ್ ಮಾಡಿದರೂ ಹೋಗಲ್ಲ. ಹಲ್ಲು ಒಸಡಿನೊಳಗೆ ಬೆಳೆಯುವಾಗಲೇ ಎನಾಮಲ್, ಅಂದರೆ ಹಲ್ಲಿನ ಗಟ್ಟಿ ಹೊರಪದರ, ಕೆಟ್ಟಿರುತ್ತದೆ.

ಮೊದಲ ಸಲ ಬಂದಾಗ ಅವರಿಗೆ 23 ವರ್ಷ. ನಿಶ್ಚಿತಾರ್ಥಕ್ಕೆ ಒಂದು ತಿಂಗಳಿತ್ತು. ಅವರ ತಾಯಿ ಕೇಳಿದ್ದು ಒಂದೇ ಮಾತು: "ಡಾಕ್ಟ್ರಮ್ಮ, ಅಷ್ಟರೊಳಗೆ ಆಗುತ್ತಾ?" ಆಗುತ್ತೆ ಅಂದೆ. ಮೇಲಿನ ಆರು ಹಲ್ಲು, ಒಂದಕ್ಕೆ 5,000 ರೂಪಾಯಿಯಂತೆ 30,000. ಕೆಲಸ ಚೆನ್ನಾಗಿ ಬಂತು. ಆದರೆ ಮುಂದೊಂದು ದಿನ ಇದನ್ನು ಬದಲಾಯಿಸಬೇಕಾಗುತ್ತೆ ಅಂತ ನಾನು ಬಿಡಿಸಿ ಹೇಳಲಿಲ್ಲ. ಆ ತಪ್ಪು ನನ್ನದೇ.

ವಿನಿಯರ್ ಅಂದರೆ ಸುಮಾರು ಅರ್ಧ ಮಿಲಿಮೀಟರ್ ದಪ್ಪದ ಪಿಂಗಾಣಿ ಚಿಪ್ಪು. ಅದು ಕೂರಲು ಹೆಚ್ಚುಕಡಿಮೆ ಅಷ್ಟೇ ಎನಾಮಲ್ ಸವೆಸುತ್ತೇವೆ. ಸವೆಸಿದ ಎನಾಮಲ್ ಮತ್ತೆ ಬೆಳೆಯಲ್ಲ. ಹಾಗಾಗಿ ಹಳೆಯದು ಹೋದರೆ ಹೊಸದು ಹಾಕಲೇಬೇಕು, ಬರೀ ಹಲ್ಲಿಗೆ ವಾಪಸ್ ಹೋಗೋಕಾಗಲ್ಲ. ಸೆರಾಮಿಕ್ ಸಾಮಾನ್ಯವಾಗಿ 10–15 ವರ್ಷ ಬಾಳುತ್ತದೆ, ಕೆಲವರಲ್ಲಿ ಇನ್ನೂ ಜಾಸ್ತಿ. ಕಾಂಪೋಸಿಟ್ (ಹಲ್ಲಿನ ಬಣ್ಣದ ರೆಸಿನ್) ಆದರೆ 5–7 ವರ್ಷ. ಅದು ಅಗ್ಗ, ಚೂರು ಹೋದರೆ ಕೂತಲ್ಲೇ ಸರಿ ಮಾಡಬಹುದು, ಆದರೆ ಕಾಫಿ-ಟೀ ಬಣ್ಣ ಹಿಡಿಯುತ್ತದೆ.

"ಮುರಿದಿದ್ದು ಒಂದು ತಾನೇ ಮೇಡಂ, ಅದೊಂದೇ ಬದಲಾಯಿಸಿ" ಅಂದರು. ನ್ಯಾಯವಾದ ಮಾತು. ಆದರೆ ನಟ್ಟನಡುವಿನ ಎರಡು ಹಲ್ಲುಗಳಲ್ಲಿ ಒಂದು ಹಳತು, ಒಂದು ಹೊಸತು ಇದ್ದರೆ ಎದುರಿಗಿರುವವರ ಕಣ್ಣಿಗೆ ಮೊದಲು ಬೀಳುವುದೇ ಆ ವ್ಯತ್ಯಾಸ. ಅವುಗಳ ಪಕ್ಕದ ಎರಡರಲ್ಲಿ ಒಸಡು ಸ್ವಲ್ಪ ಮೇಲೆ ಸರಿದು, ಅಂಚಿನಲ್ಲಿ ಕಂದು ಗೆರೆ ಕಾಣುತ್ತಿತ್ತು. ಸೆರಾಮಿಕ್‌ಗೆ ಏನೂ ಆಗಿರಲಿಲ್ಲ, ಅಂಟಿನ ಸಂದು ಬಿಟ್ಟಿತ್ತು. ಅಲ್ಲಿಂದ ಹುಳುಕು ಒಳಗೆ ಹೋಗುತ್ತದೆ. ನಾಲ್ಕು ಬದಲಾಯಿಸೋಣ, ಕೋರೆಹಲ್ಲಿನ ಎರಡು ಬಿಡೋಣ ಅಂದೆ. ಗಟ್ಟಿಯಾಗಿ ಕೂತಿರುವುದನ್ನು ಬರೀ ಜೋಡಿ ಹೊಂದಲಿ ಅಂತ ಕೊರೆದು ತೆಗೆಯುವುದು ನನಗೆ ಸರಿ ಅನ್ನಿಸಲ್ಲ.

ವಿನಿಯರ್ ಕಳಚಿ ಬರುವ ವಸ್ತುವಲ್ಲ. ಡೈಮಂಡ್ ಬರ್ (ವಜ್ರದ ಪುಡಿ ಕೂರಿಸಿದ ಕೊರೆಯುವ ಮೊನೆ) ಹಿಡಿದು ಕೊರೆದೇ ತೆಗೆಯಬೇಕು. ನೀರು ಚಿಮ್ಮುತ್ತಿರುವಾಗ ಸೆರಾಮಿಕ್, ಅಂಟು, ಎನಾಮಲ್ ಮೂರೂ ಒಂದೇ ಬಿಳುಪು. ಎರಡು ಸಲ ಬರ್ ಆಡಿಸಿ ನಿಲ್ಲಿಸುತ್ತೇನೆ, ಗಾಳಿ ಊದಿ ಒಣಗಿಸುತ್ತೇನೆ, ಲೂಪ್ಸ್‌ನಲ್ಲಿ (ದೊಡ್ಡದಾಗಿ ತೋರಿಸುವ ಕನ್ನಡಕ) ನೋಡುತ್ತೇನೆ, ಮತ್ತೆ ಬರ್. ಈ ಹಲ್ಲುಗಳಲ್ಲಿ ನನಗೆ ದಾರಿ ತೋರಿಸಿದ್ದು ಆ ಹಳೆಯ ಕಂದು ಕಲೆ. ಬಿಳುಪಿನ ಅಡಿಯಿಂದ ಅದು ಮಸುಕಾಗಿ ಕಂಡ ತಕ್ಷಣ ಕೈ ತಡೆದೆ. ಇನ್ನು ಮುಂದೆ ಹೋದರೆ ಅವರದೇ ಹಲ್ಲು. ಒಂದೊಂದಕ್ಕೆ 20 ನಿಮಿಷ ಹಿಡಿಯಿತು.

ಮುಗಿದ ಮೇಲೆ ಕನ್ನಡಿ ಕೇಳಿದರು. ತುಂಬಾ ಹೊತ್ತು ನೋಡಿದರು. "ಇದು ನಂದೇ ಹಲ್ಲಲ್ವಾ ಮೇಡಂ, ಮರೆತೇ ಹೋಗಿತ್ತು" ಅಂದರು. ತಾತ್ಕಾಲಿಕ ಚಿಪ್ಪು ಹಾಕಿ ಕಳಿಸಿದೆ. ವಾರದ ನಂತರ ಲ್ಯಾಬ್‌ನಿಂದ ಹೊಸದು ಬಂತು. ಫ್ಲೋರೈಡ್ ಕುಡಿದ ಎನಾಮಲ್ ಆಸಿಡ್‌ಗೆ ಬೇಗ ಬಗ್ಗಲ್ಲ, ಅದಕ್ಕೆ 30 ಸೆಕೆಂಡಿನ ಬದಲು ಪೂರ್ತಿ ಒಂದು ನಿಮಿಷ ಎಚ್ ಮಾಡಿ (ಅಂಟು ಹಿಡಿಯಲಿ ಅಂತ ಆಸಿಡ್ ಹಚ್ಚಿ ತರಿತರಿ ಮಾಡಿ) ಅಂಟಿಸಿದೆ. ಅಂಟು ಎಲ್ಲಿಯವರೆಗೆ ಎನಾಮಲ್ ಮೇಲಿರುತ್ತೋ ಅಲ್ಲಿಯವರೆಗೆ ಹಿಡಿತ ಚೆನ್ನ. ಪ್ರತಿ ಸಲ ಬದಲಾಯಿಸುವಾಗಲೂ ಒಂದು ಕೂದಲೆಳೆಯಷ್ಟಾದರೂ ಎನಾಮಲ್ ಹೋಗುವ ಭಯವಿದೆ. ದುಡ್ಡಿಗಿಂತ ನನಗೆ ಅದೇ ದೊಡ್ಡ ಲೆಕ್ಕ.

ದುಡ್ಡಿನ ಲೆಕ್ಕ ಹೀಗಿತ್ತು: ಹಲ್ಲಿಗೆ 12,000, ನಾಲ್ಕಕ್ಕೆ 48,000. ಅಂದು ಆರಕ್ಕೆ ಕೊಟ್ಟದ್ದಕ್ಕಿಂತ 18,000 ಜಾಸ್ತಿ. ಲ್ಯಾಬ್ ರೇಟು ಏರಿದೆ, ಜೊತೆಗೆ ಹಳೆಯದನ್ನು ತೆಗೆಯುವ ಸಮಯವೂ ಸೇರಿದೆ. ಕೆಳಗಿನ ಹಲ್ಲುಗಳ ತುದಿ ಸವೆದದ್ದು ನೋಡಿದರೆ ರಾತ್ರಿ ಹಲ್ಲು ಕಡಿಯುತ್ತಾರೆ ಅಂತ ಗೊತ್ತಾಗುತ್ತಿತ್ತು, ಅದಕ್ಕೊಂದು ನೈಟ್ ಗಾರ್ಡ್ (ಮಲಗುವಾಗ ಹಲ್ಲಿಗೆ ಹಾಕುವ ಕವಚ) 4,000. ಅವರಿಗೆ ಆಗ 36. ಮುಂದೆ ಇನ್ನೂ ಎರಡು ಸಲವಾದರೂ ಈ ಖರ್ಚು ಬರಬಹುದು. ಈ ಸಲ ಅದನ್ನು ಚೀಟಿಯಲ್ಲಿ ಬರೆದೇ ಕೊಟ್ಟೆ.

ಈಗ ಯಾರೇ ಬಂದರೂ ಮೊದಲ ದಿನವೇ ಆ ಚೀಟಿ ಬರೆಯುತ್ತೇನೆ: ಈಗಿನ ಖರ್ಚು, ಎಷ್ಟು ವರ್ಷ ಬಾಳಬಹುದು, ಆಮೇಲಿನ ಖರ್ಚು. ಮೊನ್ನೆ 19ರ ಹುಡುಗ ಒಬ್ಬ ಅದೇ ಕಡೆಯಿಂದ, ಅದೇ ಕಲೆ ಇಟ್ಟುಕೊಂಡು ಬಂದಿದ್ದ. ಕಲೆ ಆಳವಾಗಿರಲಿಲ್ಲ. ಮೇಲ್ಪದರ ತೆಳ್ಳಗೆ ಉಜ್ಜಿ, ಬ್ಲೀಚ್ ಮಾಡಿ ನೋಡೋಣ, ವಿನಿಯರ್ ಆಮೇಲೆ ಅಂದೆ. ಚೀಟಿ ಮಡಚಿ ಜೇಬಿಗಿಟ್ಟುಕೊಂಡು, "ಅಪ್ಪನ್ನ ಕೇಳಿ ಬರ್ತೀನಿ ಮೇಡಂ" ಅಂತ ಹೋದ. ಸೋಮವಾರ ಇಬ್ಬರೂ ಬರುತ್ತಿದ್ದಾರೆ.