ನಿಂತ ಕಾರಿನೊಳಗೆ ಕುಡಿದು ಮಲಗಿದವರ ಕೇಸು: ನಾನು ನಡೆಸುವ ರೀತಿ

ಈ ಕೇಸು ಹಿಡಿದು ಬರುವವರ ಮೊದಲ ಮಾತು ಹೆಚ್ಚುಕಮ್ಮಿ ಒಂದೇ. "ಸಾರ್, ಫೈನ್ ಎಷ್ಟಾಗುತ್ತೆ? ಕಟ್ಟಿ ಮುಗಿಸಿಬಿಡೋಣ." ಗಾಡಿ ಓಡಿಸ್ತಿದ್ರಾ ಅಂತ ಕೇಳಿದರೆ, "ಇಲ್ಲ ಸಾರ್, ಸೈಡಿಗೆ ಹಾಕಿ ಮಲಗಿದ್ದೆ" ಅನ್ನುತ್ತಾರೆ. ಹಾಗಾದರೆ ಫೈನ್ ಯಾಕೆ ಕಟ್ಟಬೇಕು ಅಂತ ಯೋಚಿಸಿಯೇ ಇರುವುದಿಲ್ಲ. ನಾನು ಮ್ಯಾಜಿಸ್ಟ್ರೇಟ್ ಕೋರ್ಟುಗಳಲ್ಲಿ ಮೋಟಾರು ವಾಹನ ಕೇಸುಗಳನ್ನು ನಡೆಸುವ ವಕೀಲ. ಡ್ರಂಕ್ ಅಂಡ್ ಡ್ರೈವ್ ಕೇಸುಗಳಲ್ಲಿ ನಿಂತ ಗಾಡಿಯವು ಕಡಿಮೆ. ಆದರೆ ಸುಮ್ನೆ ತಪ್ಪೊಪ್ಪಿಕೊಂಡು ಜಾಸ್ತಿ ಕಳೆದುಕೊಳ್ಳುವವರು ಇವರೇ.

ಮೊದಲು ಕಾನೂನು. ಮೋಟಾರು ವಾಹನ ಕಾಯ್ದೆ, 1988ರ 185ನೇ ಸೆಕ್ಷನ್ ಹಿಡಿಯುವುದು ವಾಹನ ಓಡಿಸುತ್ತಿದ್ದವನನ್ನು, ಇಲ್ಲವೇ ಓಡಿಸಲು ಯತ್ನಿಸಿದವನನ್ನು. ಜೊತೆಗೆ 100 ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಜಾಸ್ತಿ ಆಲ್ಕೋಹಾಲ್ ಇತ್ತು ಅಂತ ಪರೀಕ್ಷೆಯಲ್ಲಿ ಗೊತ್ತಾಗಿರಬೇಕು. ಮಾದಕ ವಸ್ತುವಿಗೆ ಇಂಥ ಅಳತೆ ಇಲ್ಲ. ಗಾಡಿಯನ್ನು ಹತೋಟಿಯಲ್ಲಿ ಇಟ್ಟುಕೊಳ್ಳಲು ಆಗದಷ್ಟು ಅಮಲು ಇತ್ತು ಅಂತ ತೋರಿಸಬೇಕು. 2019ರ ತಿದ್ದುಪಡಿಯ ನಂತರ ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ, ಇಲ್ಲವೇ ಎರಡೂ. ಎರಡನೇ ಸಲಕ್ಕೆ ಎರಡು ವರ್ಷದವರೆಗೆ ಜೈಲು ಅಥವಾ 15,000 ರೂಪಾಯಿ ದಂಡ, ಇಲ್ಲವೇ ಎರಡೂ.

ಕುಡಿದು ಗಾಡಿಯೊಳಗೆ ಕೂತಿದ್ದ ಅನ್ನುವುದು ಆ ಸೆಕ್ಷನ್ನಿನಲ್ಲಿ ಎಲ್ಲೂ ಇಲ್ಲ.

ಮೊಬೈಲಲ್ಲಿ ಹುಡುಕಿಕೊಂಡು ಬಂದವರು ಇದನ್ನು ನಂಬುವುದಿಲ್ಲ. ಕೀ ಜೇಬಿನಲ್ಲಿದ್ದರೂ ಸಾಕು, ಒಳಗೆ ಹಾಕುತ್ತಾರಂತೆ ಅನ್ನುತ್ತಾರೆ. ಅವರು ಓದಿದ್ದು ಬೇರೆ ದೇಶದ ಕಾನೂನು. ಅಮೆರಿಕದ ಹಲವು ರಾಜ್ಯಗಳಲ್ಲಿ ಗಾಡಿ ನಿಮ್ಮ ಹಿಡಿತದಲ್ಲಿತ್ತು ಅಂದರೆ ಸಾಕು, ಚಕ್ರ ಉರುಳಲೇಬೇಕಿಲ್ಲ. ಇಂಗ್ಲೆಂಡಿನಲ್ಲಿ ಮಿತಿ ಮೀರಿ ಕುಡಿದು ವಾಹನದ ಉಸ್ತುವಾರಿಯಲ್ಲಿ ಇರುವುದೇ ಬೇರೊಂದು ಅಪರಾಧ. ಅಮಲು ಇಳಿಯುವ ತನಕ ಓಡಿಸುವ ಸಂಭವ ಇರಲಿಲ್ಲ ಅಂತ ಆರೋಪಿಯೇ ತೋರಿಸಿ ಬಚಾವಾಗಬೇಕು. ಕೆನಡಾದಲ್ಲಿ ಡ್ರೈವರ್ ಸೀಟಿನಲ್ಲಿ ಕೂತಿದ್ದರೆ ಗಾಡಿ ಅವನ ಕೈಯಲ್ಲೇ ಇತ್ತು ಅಂತ ಹಿಡಿಯುತ್ತಾರೆ. ಓಡಿಸುವ ಉದ್ದೇಶ ಇರಲಿಲ್ಲ ಅಂತ ತೋರಿಸುವ ಹೊರೆ ಅಲ್ಲೂ ಅವನದೇ. ನಮ್ಮ 185ರಲ್ಲಿ ಆ ಹೊರೆ ಸರ್ಕಾರದ ಮೇಲಿದೆ. ನನ್ನ ಕೆಲಸವೆಲ್ಲ ನಿಂತಿರುವುದು ಈ ವ್ಯತ್ಯಾಸದ ಮೇಲೆ.

ಹಾಗಂತ ಹಗುರವಾಗಿ ತಗೊಳ್ಳುವ ಹಾಗಿಲ್ಲ. ತಪ್ಪೊಪ್ಪಿಕೊಂಡರೆ ದಂಡದ ಜೊತೆ ಇನ್ನೂ ಎರಡು ಬರುತ್ತವೆ. ಒಂದು, 185ರಲ್ಲಿ ಶಿಕ್ಷೆಯಾದರೆ ಕೋರ್ಟು ಡಿಎಲ್ ಅನರ್ಹಗೊಳಿಸಬೇಕು, ಅದೂ ಕನಿಷ್ಠ ಆರು ತಿಂಗಳು ಅಂತ 20ನೇ ಸೆಕ್ಷನ್ ಹೇಳುತ್ತದೆ. ಎರಡು, ಮುಂದೆ ಎಂದಾದರೂ ನಿಜವಾಗಿ ಸಿಕ್ಕಿಬಿದ್ದರೆ ಅದು ಎರಡನೇ ಅಪರಾಧ ಆಗುತ್ತದೆ. ಟ್ಯಾಕ್ಸಿ, ಲಾರಿ ಓಡಿಸುವವರಿಗೆ ಆರು ತಿಂಗಳು ಡಿಎಲ್ ಇಲ್ಲ ಅಂದರೆ ಏನು ಅಂತ ಬೇರೆ ಹೇಳಬೇಕಾ? ಇನ್ನೊಂದು ಮಾತು. 185 ರಸ್ತೆಯಲ್ಲೇ ದಂಡ ಕಟ್ಟಿ ರಾಜಿ ಮಾಡಿಕೊಳ್ಳುವ ಪಟ್ಟಿಯಲ್ಲಿ ಇಲ್ಲ. ಅದು ಕೋರ್ಟಿಗೆ ಬರಲೇಬೇಕು. ಅಲ್ಲೇ ಮುಗಿಸ್ತೀವಿ ಅಂತ ಯಾರಾದರೂ ಅಂದರೆ ಅದು ಕಾನೂನಿನ ಮಾತಲ್ಲ.

ಫೈಲ್ ಕೈಗೆ ಬಂದರೆ ನಾನು ಮೊದಲು ಓದುವುದು ಉಸಿರು ಪರೀಕ್ಷೆಯ ರೀಡಿಂಗ್ ಅಲ್ಲ, ಕ್ರಿಯಾಪದ. ದೂರಿನಲ್ಲಿ "ಚಾಲನೆ ಮಾಡಿಕೊಂಡು ಬಂದಾಗ ತಡೆದು ನಿಲ್ಲಿಸಿ" ಅಂತ ಇದೆಯಾ, "ನಿಂತಿದ್ದ ವಾಹನದಲ್ಲಿ ಕುಳಿತಿದ್ದಾಗ" ಅಂತ ಇದೆಯಾ? ಬಹಳ ಸಲ ಇದು ಮೊದಲೇ ತಯಾರಾದ ನಮೂನೆ. ಹೆಸರು, ಗಾಡಿ ನಂಬರು, ಸಮಯ ಮಾತ್ರ ಹೊಸದಾಗಿ ತುಂಬಿರುತ್ತಾರೆ. ತಡೆದು ನಿಲ್ಲಿಸಿದೆವು ಅನ್ನುವ ಸಾಲು ಎಲ್ಲರಿಗೂ ಒಂದೇ.

ನಾನು ನಡೆಸಿದ ಒಂದು ಕೇಸಿನಲ್ಲಿ ಹೀಗೇ ಇತ್ತು. ಕಕ್ಷಿದಾರ ಡ್ರೈವರ್ ಸೀಟಿನಲ್ಲೇ ಮಲಗಿದ್ದ. ಎಸಿಗೋಸ್ಕರ ಎಂಜಿನ್ ಆನ್ ಇತ್ತು. ರೀಡಿಂಗ್ ಮಿತಿಗಿಂತ ತುಂಬಾ ಮೇಲಿತ್ತು. ಕೇಳಿದರೆ ಯಾರಿಗೂ ಗೆಲ್ಲುವ ಕೇಸು ಅನಿಸುವುದಿಲ್ಲ. ದೂರಿನಲ್ಲಿ ಮಾತ್ರ, ಕಾರು ವೇಗವಾಗಿ ಬರುತ್ತಿತ್ತು, ಕೈ ಅಡ್ಡ ಹಿಡಿದು ನಿಲ್ಲಿಸಿದೆವು ಅಂತ ಇತ್ತು. ಎದುರಿನ ಕಟ್ಟಡದ ಸಿಸಿಟಿವಿಯಲ್ಲಿ ಅದೇ ಕಾರು ಪೊಲೀಸರು ಬರುವುದಕ್ಕೆ ಬಹಳ ಮುಂಚಿನಿಂದ ಒಂದೇ ಕಡೆ ನಿಂತಿತ್ತು. ಆ ರೆಕಾರ್ಡಿಂಗನ್ನು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ನಿನ ಪ್ರಮಾಣಪತ್ರದ ಜೊತೆ ಹಾಜರುಪಡಿಸಿದೆ. ಪ್ರಮಾಣಪತ್ರ ಇಲ್ಲದ ವಿಡಿಯೋ ಮೊಬೈಲಲ್ಲಿ ತೋರಿಸಿಕೊಂಡು ಓಡಾಡಲು ಚೆನ್ನಾಗಿರುತ್ತದೆ, ಕೋರ್ಟಿನಲ್ಲಿ ನಿಲ್ಲುವುದಿಲ್ಲ.

ಪೊಲೀಸ್ ಸಾಕ್ಷಿಯ ಪಾಟೀಸವಾಲಿನಲ್ಲಿ ನಾನು ಕುಡಿತದ ಸುದ್ದಿಯನ್ನೇ ಎತ್ತಲಿಲ್ಲ. ಕಾರು ಯಾವ ದಿಕ್ಕಿನಿಂದ ಬಂತು? ನೀವು ರಸ್ತೆಯ ಯಾವ ಬದಿಯಲ್ಲಿ ನಿಂತಿದ್ದಿರಿ? ಕೈ ತೋರಿಸಿದವರು ಯಾರು? ಹ್ಯಾಂಡ್‌ಬ್ರೇಕ್ ಹಾಕಿತ್ತಾ? ಆರೋಪಿಯನ್ನು ನೀವು ಎಬ್ಬಿಸಬೇಕಾಯಿತಾ? ಕೊನೆಯ ಪ್ರಶ್ನೆಗೆ ಸಾಕ್ಷಿ ಹೌದು ಅಂದರು. ಓಡುತ್ತಿದ್ದ ಕಾರನ್ನು ತಡೆದು ನಿಲ್ಲಿಸಿ, ಆಮೇಲೆ ಡ್ರೈವರನ್ನು ಎಬ್ಬಿಸುವುದು ಹೇಗೆ? ಸಂಶಯದ ಲಾಭ ಕೊಟ್ಟು ಖುಲಾಸೆ ಮಾಡಿದರು. ದೂರಿನಲ್ಲಿ ಇದ್ದದ್ದು ಇದ್ದ ಹಾಗೆ ಬರೆದು, ಎಂಜಿನ್ ಆನ್ ಇದ್ದುದನ್ನೇ ಯತ್ನದ ಆಧಾರ ಮಾಡಿಕೊಂಡಿದ್ದರೆ ನನಗೆ ಇನ್ನೂ ಕಷ್ಟ ಇತ್ತು ಅಂತ ನನ್ನ ಲೆಕ್ಕ.

ಯತ್ನ ಅನ್ನುವುದೇ ಈ ಕೇಸುಗಳ ಗಟ್ಟಿ ಭಾಗ. ತಯಾರಿ ಬೇರೆ, ಯತ್ನ ಬೇರೆ. ಇದಕ್ಕೆ ನಾನು ಹಿಡಿದುಕೊಳ್ಳುವುದು ಸುಪ್ರೀಂ ಕೋರ್ಟಿನ ಮಲ್ಕಿಯತ್ ಸಿಂಗ್ ತೀರ್ಪು. ಭತ್ತ ತುಂಬಿದ ಲಾರಿಯೊಂದನ್ನು ಪಂಜಾಬಿನ ಗಡಿ ದಾಟುವ ಮೊದಲೇ ಸಮಾಲ್ಖಾದಲ್ಲಿ ತಡೆದಿದ್ದರು. ರಾಜ್ಯದಿಂದ ಹೊರಗೆ ಸಾಗಿಸಲು ಯತ್ನಿಸಿದರು ಅನ್ನುವುದು ಆರೋಪ. ಅಲ್ಲಿಂದ ಮನಸ್ಸು ಬದಲಾಯಿಸಿ ವಾಪಸ್ ಹೋಗಲು ಇನ್ನೂ ಅವಕಾಶ ಇತ್ತು, ಅದು ತಯಾರಿಯಷ್ಟೇ, ಯತ್ನ ಅಲ್ಲ ಅಂತ ಕೋರ್ಟು ಹೇಳಿತು. ಆ ಕೇಸಿಗೂ ಕುಡಿತಕ್ಕೂ ಏನೂ ಸಂಬಂಧ ಇಲ್ಲ, ಆದರೆ ವಾದ ಚೆನ್ನಾಗಿ ಹೊಂದುತ್ತದೆ. ಹಿಂದಿನ ಸೀಟಿನಲ್ಲಿ ಮಲಗಿ ಕೀ ಚೀಲದಲ್ಲಿಟ್ಟವನು ತಯಾರಿಯನ್ನೂ ಮಾಡಿಲ್ಲ. ಡ್ರೈವರ್ ಸೀಟಿನಲ್ಲಿ ಕೂತು ಫೋನ್ ನೋಡುತ್ತಿದ್ದವನದೂ ಯತ್ನ ಅಲ್ಲ ಅಂತ ವಾದಿಸುತ್ತೇನೆ. ಎಂಜಿನ್ ಆನ್, ಸೀಟು ಹಿಂದಕ್ಕೆ ಮಲಗಿಸಿದೆ, ಹ್ಯಾಂಡ್‌ಬ್ರೇಕ್ ಹಾಕಿದೆ ಅಂದರೆ ಹೋರಾಡಬಹುದು. ಬೆಲ್ಟ್ ಹಾಕಿ, ಹೆಡ್‌ಲೈಟ್ ಹಚ್ಚಿ, ರಿವರ್ಸ್ ಗೇರಿಗೆ ಹಾಕಿದ್ದವನಿಗೆ ನಾನು ಸುಳ್ಳು ಧೈರ್ಯ ಕೊಡುವುದಿಲ್ಲ. ಅಂಥವರೂ ಬಂದಿದ್ದಾರೆ. ಕಾರು ಒಂದು ಅಡಿಯೂ ಹಿಂದಕ್ಕೆ ಹೋಗಿಲ್ಲ ಸಾರ್ ಅನ್ನುತ್ತಾರೆ. ಹೋಗಬೇಕಿಲ್ಲ, ಯತ್ನಕ್ಕೆ ಅಷ್ಟು ಸಾಕು.

ಪೊಲೀಸರು ಇನ್ನೊಂದು ದಾರಿ ಹಿಡಿಯಬಹುದು. ಈಗ ನಿಂತಿರಬಹುದು, ಆದರೆ ಕುಡಿದೇ ಇಲ್ಲಿಗೆ ಓಡಿಸಿಕೊಂಡು ಬಂದಿದ್ದಾನೆ ಅಂತ. ಇದು ಸಾಬೀತಾಗುವುದು ಬಾರ್ ಬಿಲ್ಲಿನ ಸಮಯ, ಟೋಲ್ ದಾಖಲೆ, ದಾರಿಯ ಕ್ಯಾಮೆರಾಗಳಿಂದ. ಈ ಕೆಲಸವನ್ನು ಅವರು ಮಾಡಿರುವುದು ಅಪರೂಪ. ಅದರ ಬದಲು "ಹೌದು ಸಾರ್, ಕುಡಿದ್ಮೇಲೆ ಇಲ್ಲೀವರೆಗೂ ನಾನೇ ಓಡಿಸ್ಕೊಂಡು ಬಂದೆ" ಅಂತ ಆರೋಪಿಯ ಬಾಯಿಂದಲೇ ಬರೆಸಿಕೊಂಡಿರುತ್ತಾರೆ. ಪೊಲೀಸರ ಮುಂದೆ ಮಾಡಿದ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತು ಮಾಡಲು ಬಳಸುವ ಹಾಗಿಲ್ಲ. ಕಕ್ಷಿದಾರ ನನ್ನ ಹತ್ತಿರ ನಿಜ ಹೇಳಬೇಕು. ಓಡಿಸಿದ್ದೆ ಅಂತ ನನಗೆ ಹೇಳಿದವನಿಂದ ಓಡಿಸಿಲ್ಲ ಅಂತ ಕಟಕಟೆಯಲ್ಲಿ ಹೇಳಿಸುವ ಕೆಲಸ ನಾನು ಮಾಡುವುದಿಲ್ಲ. ಸರ್ಕಾರಿ ವಕೀಲರು ಸಾಬೀತು ಮಾಡಲಿ ಅಂತ ಕೂರುವುದು ಬೇರೆ ವಿಷಯ.

ಪರೀಕ್ಷೆಯ ಕಡೆಗೆ ಬಂದರೆ, 203ನೇ ಸೆಕ್ಷನ್ ಉಸಿರು ಪರೀಕ್ಷೆಯ ಅಧಿಕಾರ ಕೊಡುವುದು ಸಮವಸ್ತ್ರದಲ್ಲಿರುವ ಪೊಲೀಸರಿಗೆ ಅಥವಾ ಮೋಟಾರು ವಾಹನ ಇಲಾಖೆಯ ಅಧಿಕಾರ ಪಡೆದ ಅಧಿಕಾರಿಗೆ, ಸಾರ್ವಜನಿಕ ಜಾಗದಲ್ಲಿ ಓಡಿಸುತ್ತಿರುವ ಅಥವಾ ಓಡಿಸಲು ಯತ್ನಿಸುವ ವ್ಯಕ್ತಿಯ ಮೇಲೆ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಹಿಡಿದ ಕೇಸಿನಲ್ಲಿ ಈ ಮಾತು ಉಪಯೋಗಕ್ಕೆ ಬರುತ್ತದೆ. ಆದರೆ 185ರಲ್ಲಿ ಸಾರ್ವಜನಿಕ ಜಾಗ ಅನ್ನುವ ಮಾತೇ ಇಲ್ಲ, ಹಾಗಾಗಿ ಅದೊಂದನ್ನೇ ನಂಬಿ ಕೂರುವುದಿಲ್ಲ. ಸ್ಥಳದಲ್ಲಿ ಊದಬೇಕಾ ಬೇಡವಾ ಅಂತ ಫೋನ್ ಮಾಡಿ ಕೇಳುವವರಿಗೆ ನಾನು ಊದಿ ಅಂತಲೇ ಹೇಳುತ್ತೇನೆ. ನಿರಾಕರಿಸಿದರೆ ವಾರಂಟ್ ಇಲ್ಲದೆ ಬಂಧಿಸಬಹುದು, ಸರಿಯಾದ ಕಾರಣ ಇಲ್ಲದ ನಿರಾಕರಣೆಯನ್ನು ವಿರುದ್ಧವಾಗಿಯೂ ಬಳಸಬಹುದು. ಆಗಷ್ಟೇ ಕುಡಿದಿದ್ದರೆ ಅಥವಾ ಮೌತ್‌ವಾಶ್ ಹಾಕಿಕೊಂಡಿದ್ದರೆ ಬಾಯಲ್ಲೇ ಉಳಿದ ಆಲ್ಕೋಹಾಲ್ ರೀಡಿಂಗ್ ಏರಿಸುತ್ತದೆ. ಹದಿನೈದು ನಿಮಿಷ ಬಿಟ್ಟು ಮತ್ತೆ ಊದುತ್ತೇನೆ ಅಂತ ಕೇಳಿ, ರಕ್ತ ಪರೀಕ್ಷೆ ಮಾಡಿಸಿ ಅಂತ ಕೇಳಿ. ಬಂಧಿಸಿದರೆ ಎರಡು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆ ಆಗಬೇಕು, ಇಲ್ಲದಿದ್ದರೆ ಬಿಡಬೇಕು ಅಂತ 202 ಹೇಳುತ್ತದೆ. ಫೈಲಿನಲ್ಲಿ ಬಂಧನದ ಸಮಯ, ಆಸ್ಪತ್ರೆಯ ಸಮಯ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡುತ್ತೇನೆ.

ಎರಡು ಗಂಟೆ ನಿದ್ದೆ ಮಾಡಿದೆ, ಅಮಲು ಇಳಿದಿತ್ತು ಅನ್ನುವವರ ಮಾತು ಲೆಕ್ಕಕ್ಕೆ ನಿಲ್ಲುವುದಿಲ್ಲ. ದೇಹ 100 ಮಿಲಿಲೀಟರ್ ರಕ್ತಕ್ಕೆ ಗಂಟೆಗೆ ಸುಮಾರು 15ರಿಂದ 20 ಮಿಲಿಗ್ರಾಂನಷ್ಟು ಮಾತ್ರ ಇಳಿಸುತ್ತದೆ. 150ರಲ್ಲಿ ಇದ್ದವನು 30ಕ್ಕೆ ಬರಲು ಆರರಿಂದ ಎಂಟು ಗಂಟೆ ಬೇಕು. ಬೆಳಗ್ಗೆ ಎದ್ದು ಕಾಫಿ ಕುಡಿದು ಗಾಡಿ ತೆಗೆದವರೂ ಸಿಕ್ಕಿಬೀಳುವುದು ಇದಕ್ಕೇ.

185 ಬಿದ್ದುಹೋದರೂ ಬೇರೆ ಸೆಕ್ಷನ್ನುಗಳು ಇರುತ್ತವೆ. ಸಾರ್ವಜನಿಕ ಜಾಗದಲ್ಲಿ ಕುಡಿಯುವುದನ್ನು ಕರ್ನಾಟಕ ಅಬಕಾರಿ ಕಾಯ್ದೆ, 1965ರ 15ಎ ತಡೆಯುತ್ತದೆ. ರಸ್ತೆ ಬದಿ ಕಾರಿನೊಳಗೆ ಬಾಟಲಿ ತೆರೆದವರಿಗೆ ಇದು ತಾಗುತ್ತದಾ? ನನ್ನ ಸ್ವಂತ ಕಾರು, ಅದು ಹೇಗೆ ಸಾರ್ವಜನಿಕ ಅಂತ ಜಗಳ ಮಾಡುತ್ತಾರೆ. ಬಿಹಾರದ ಅಬಕಾರಿ ಕೇಸೊಂದರಲ್ಲಿ, 2019ರಲ್ಲಿ, ಸಾರ್ವಜನಿಕ ರಸ್ತೆಯಲ್ಲಿದ್ದ ಖಾಸಗಿ ಕಾರನ್ನೂ ಸುಪ್ರೀಂ ಕೋರ್ಟು ಸಾರ್ವಜನಿಕ ಜಾಗ ಅಂತಲೇ ಪರಿಗಣಿಸಿತು. 2021ರಲ್ಲಿ ಬೂಟಾ ಸಿಂಗ್ ಕೇಸಿನಲ್ಲಿ ಅದೇ ಕೋರ್ಟು, ಮಾದಕ ವಸ್ತು ಕಾಯ್ದೆಯ 43ನೇ ಸೆಕ್ಷನ್ನಿಗೆ ಖಾಸಗಿ ವಾಹನ ಸಾರ್ವಜನಿಕ ಜಾಗ ಅಲ್ಲ ಅಂದಿತು. ಎರಡೂ ಬೇರೆ ಬೇರೆ ಕಾಯ್ದೆಯ ಪದವಿವರಣೆಯ ಮೇಲೆ ನಿಂತ ತೀರ್ಪುಗಳು. ಹಾಗಾಗಿ ಕಕ್ಷಿದಾರ ಬೂಟಾ ಸಿಂಗ್ ಹೆಸರು ಹೇಳಿಕೊಂಡು ಬಂದರೆ ನಾನು ಅಷ್ಟು ಬೇಗ ಕುಣಿಯುವುದಿಲ್ಲ.

ಕೆಳಗಿಳಿದು ಗಲಾಟೆ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 355 ಇದೆ. ಕುಡಿದು ಸಾರ್ವಜನಿಕ ಜಾಗದಲ್ಲಿ ಇತರರಿಗೆ ಕಿರಿಕಿರಿ ಮಾಡಿದರೆ 24 ಗಂಟೆಯವರೆಗೆ ಸಾದಾ ಸಜೆ ಅಥವಾ 1,000 ರೂಪಾಯಿವರೆಗೆ ದಂಡ, ಎರಡೂ ಆಗಬಹುದು, ಇಲ್ಲವೇ ಸಮುದಾಯ ಸೇವೆ. ಅಪಾಯ ಆಗುವ ಹಾಗೆ ಗಾಡಿ ನಿಲ್ಲಿಸಿದ್ದರೆ ಮೋಟಾರು ವಾಹನ ಕಾಯ್ದೆಯ 122 ಬರುತ್ತದೆ. ಸೀದಾ ಹೇಳಬೇಕೆಂದರೆ, 185ರ ಬದಲು ಇಂಥ ಸೆಕ್ಷನ್ನಿನಲ್ಲಿ ಮುಗಿದರೆ ಅದು ಒಳ್ಳೆಯ ಫಲಿತಾಂಶವೇ. ಡಿಎಲ್ ಉಳಿಯುತ್ತದಲ್ವಾ.

ವಿಮೆಯ ವಿಷಯ ಚಿಕ್ಕದು. ಕುಡಿದವನು ಓಡಿಸುತ್ತಿದ್ದಾಗ ಆದ ಸ್ವಂತ ವಾಹನದ ಹಾನಿಗೆ ಕಂಪನಿ ಹಣ ಕೊಡುವುದಿಲ್ಲ. ಸರಿಯಾಗಿ ನಿಲ್ಲಿಸಿದ ಕಾರಿಗೆ ಇನ್ಯಾರೋ ಬಂದು ಗುದ್ದಿದರೆ ಕತೆ ಬೇರೆ. ಅದಕ್ಕೇ, 185ರಲ್ಲಿ ಓಡಿಸುತ್ತಿದ್ದೆ ಅಂತ ಒಪ್ಪಿಕೊಂಡ ಕಾಗದ ಕ್ಲೇಮಿನ ಫೈಲಿಗೂ ಹೋಗಿ ಕೂರುತ್ತದೆ ಅಂತ ಮೊದಲೇ ಎಚ್ಚರಿಸುತ್ತೇನೆ.

ಕಾರಿನಲ್ಲೇ ಮಲಗಬೇಕಾದ ಪರಿಸ್ಥಿತಿ ಬಂದರೆ ಏನು ಮಾಡಬೇಕು ಅಂತ ಸ್ನೇಹಿತರು ಕೇಳುತ್ತಾರೆ. ಹಿಂದಿನ ಸೀಟು. ಎಂಜಿನ್ ಆಫ್. ಕೀ ಕೈಗೆ ಸಿಗದ ಕಡೆ. ಕ್ಯಾಬ್ ಬುಕ್ ಮಾಡಿದ್ದರೆ, ಮನೆಯವರಿಗೆ ಬಂದು ಕರ್ಕೊಂಡು ಹೋಗಿ ಅಂತ ಮೆಸೇಜ್ ಮಾಡಿದ್ದರೆ ಅದನ್ನು ಅಳಿಸಬೇಡಿ. ಓಡಿಸುವ ಉದ್ದೇಶ ಇರಲಿಲ್ಲ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ. ಮುಚ್ಚಿದ ಜಾಗದಲ್ಲಿ ಎಂಜಿನ್ ಆನ್ ಮಾಡಿ ಎಸಿ ಹಾಕಿಕೊಂಡು ಮಲಗುವುದಂತೂ ಬೇಡವೇ ಬೇಡ. ಕಾರ್ಬನ್ ಮಾನಾಕ್ಸೈಡ್ ಒಳಗೆ ಸೇರಿದರೆ ಮೂಗಿಗೆ ಗೊತ್ತಾಗುವುದಿಲ್ಲ. ಕುಡಿದು ಮಲಗಿದವನಿಗೆ ಎಚ್ಚರವೂ ಆಗುವುದಿಲ್ಲ.

ಕೇಸು ಆಗಿಯೇ ಹೋಗಿದ್ದರೆ ಸಮನ್ಸ್ ಬರಲಿ ಅಂತ ಕಾಯಬೇಡಿ. ಅಂಗಡಿ, ಕಟ್ಟಡಗಳ ಸಿಸಿಟಿವಿ ರೆಕಾರ್ಡಿಂಗ್ ಕೆಲವೇ ದಿನಗಳಲ್ಲಿ ತಾನಾಗಿ ಅಳಿಸಿಹೋಗಿ ಅದರ ಮೇಲೆ ಹೊಸದು ಬರುತ್ತದೆ. ಫೋನ್ ಮಾಡಿದವರಿಗೆ ನಾನು ಹೇಳುವುದು ಇಷ್ಟೇ: ರೀಡಿಂಗ್ ಸ್ಲಿಪ್ಪಿನ ಫೋಟೋ ಕಳಿಸಿ, ಕಾರು ನಿಂತಿದ್ದ ಜಾಗಕ್ಕೆ ಇವತ್ತೇ ಹೋಗಿ ಯಾವ ಕ್ಯಾಮೆರಾ ಯಾವ ಕಡೆ ತಿರುಗಿದೆ ಅಂತ ನೋಡಿಕೊಂಡು ಬನ್ನಿ, ರೆಕಾರ್ಡಿಂಗ್ ಉಳಿಸಿಡಿ ಅಂತ ಮಾಲೀಕರಿಗೆ ಬರಹದಲ್ಲಿ ಕೊಡಿ.