ಹ್ಯಾಂಡಲ್ ಬ್ಯಾಗ್‌ಗೆ ಮೂರನೇ ಬೆಲ್ಟ್ ಏಕೆ ಬೇಕು, ಹೇಗೆ ಕಟ್ಟಬೇಕು

ಭಾನುವಾರ ಬೆಳಿಗ್ಗೆ ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆ ಹಿಡಿದರೆ ಗಾಜನೂರು, ಸಕ್ರೆಬೈಲು, ಮಂಡಗದ್ದೆವರೆಗೂ ಸೈಕಲ್ ಸವಾರರು ಸಿಗುತ್ತಲೇ ಇರುತ್ತಾರೆ. ಈಗೀಗ ಎಷ್ಟೋ ಜನರ ಹ್ಯಾಂಡಲ್ ಮುಂದೆ ಒಂದು ಬ್ಯಾಗ್ ಇರುತ್ತದೆ. ರೇನ್‌ಕೋಟು, ಟ್ಯೂಬು, ತಿಂಡಿ ಎಲ್ಲ ಕೈಗೆ ಸಿಗುವಂತಿರುತ್ತದೆ, ಬೆನ್ನು ಬೆವರುವುದಿಲ್ಲ. ಒಳ್ಳೆಯ ವಸ್ತು. ಆದರೆ ರಸ್ತೆ ಹಂಪ್ ಬಂದಾಗ ಆ ಬ್ಯಾಗುಗಳನ್ನು ಗಮನಿಸಿ. ಕುಣಿಯುತ್ತವೆ, ವಾಲುತ್ತವೆ, ಕೆಲವು ಟೈರನ್ನು ಮುಟ್ಟಿ ಬರುತ್ತವೆ.

ಎರಡು ವರ್ಷದ ಹಿಂದೆ ಮಂಡಗದ್ದೆ ದಾಟಿದ ಮೇಲೆ ಒಂದು ಇಳಿಜಾರಿನಲ್ಲಿ ನಮ್ಮ ಗುಂಪಿನ ಹುಡುಗನೊಬ್ಬನ ಬ್ಯಾಗ್ ಮುಂದಕ್ಕೆ ಮಗುಚಿ ಟೈರಿನ ಮೇಲೆ ಕೂತಿತು. ಬಟ್ಟೆಯನ್ನು ಟೈರು ಫೋರ್ಕಿನೊಳಕ್ಕೆ, ಅಂದರೆ ಮುಂದಿನ ಚಕ್ರ ಹಿಡಿದಿರುವ ಕವಲಿನೊಳಕ್ಕೆ, ಎಳೆದುಕೊಂಡಿತು. ಚಕ್ರ ಗಕ್ಕನೆ ನಿಂತಿತು. ಅವನು ಹ್ಯಾಂಡಲ್ ಮೇಲಿಂದ ಹಾರಿ ಬಿದ್ದ. ಮುಂಗೈ ಮೂಳೆ ಬಿರುಕು ಬಿಟ್ಟು ಒಂದೂವರೆ ತಿಂಗಳು ಪಟ್ಟಿ ಹಾಕಿಸಿಕೊಂಡಿದ್ದ. ಆಮೇಲೆ ಸೈಕಲ್ ಎತ್ತಿ ನೋಡಿದರೆ ಮೇಲಿನ ಎರಡೂ ಬೆಲ್ಟು ಬಿಗಿಯಾಗಿಯೇ ಇದ್ದವು. ಕೆಳಗೆ ಹಾಕಬೇಕಾದ ಮೂರನೇ ಬೆಲ್ಟು ಬ್ಯಾಗಿನೊಳಗೆ, ಅಂಗಡಿಯಿಂದ ಬಂದ ಪ್ಲಾಸ್ಟಿಕ್ ಕವರಿನಲ್ಲೇ ಸುತ್ತಿಕೊಂಡು ಬಿದ್ದಿತ್ತು. ಅದು ಜಾಸ್ತಿಗೆ ಕೊಟ್ಟಿದ್ದು ಅಂದುಕೊಂಡಿದ್ದನಂತೆ.

ಅಂದಿನಿಂದ ಕಂಡವರಿಗೆಲ್ಲ ಇದನ್ನೇ ಹೇಳುತ್ತಿದ್ದೇನೆ. ಹ್ಯಾಂಡಲ್ ಬ್ಯಾಗ್ ನಿಲ್ಲುವುದು ಮೂರು ಕಡೆ ಹಿಡಿದಾಗ ಮಾತ್ರ. ಎರಡು ಕಡೆ ಎಷ್ಟೇ ಬಿಗಿದರೂ ಅದು ಉಯ್ಯಾಲೆಯೇ.

ಕೊಳ್ಳುವಾಗ

ಸೈಕಲ್ ತೆಗೆದುಕೊಂಡೇ ಅಂಗಡಿಗೆ ಹೋಗಿ. ಬ್ಯಾಗನ್ನು ಹ್ಯಾಂಡಲ್‌ಗೆ ಹಿಡಿದು ನೋಡಿ. ಹ್ಯಾಂಡಲ್‌ನಿಂದ ಟೈರಿನವರೆಗೆ ಇರುವ ಜಾಗ ಸೈಕಲ್‌ನಿಂದ ಸೈಕಲ್‌ಗೆ ಬೇರೆ. ಎತ್ತರ ಕಡಿಮೆ ಇರುವವರ ಸಣ್ಣ ಫ್ರೇಮಿನಲ್ಲಿ ಅದು ತೀರಾ ಕಡಿಮೆ. ಬಾಗಿದ ಹ್ಯಾಂಡಲ್ ಇರುವ ರೋಡ್ ಬೈಕ್ ಆದರೆ ಎರಡು ಬ್ರೇಕ್ ಲಿವರ್‌ಗಳ ನಡುವೆ ಬ್ಯಾಗ್ ಹಿಡಿಸಬೇಕು, ಬೆರಳಾಡಲೂ ಜಾಗ ಉಳಿಯಬೇಕು.

ಬರೀ ವೆಲ್ಕ್ರೋ ಇರುವ ಬ್ಯಾಗ್ ಬೇಡ. ನಮ್ಮ ಕೆಂಪು ಮಣ್ಣಿನ ಕೆಸರು ಒಮ್ಮೆ ಒಳಗೆ ಸೇರಿದರೆ ವೆಲ್ಕ್ರೋ ಹಿಡಿತವೇ ಹೋಗುತ್ತದೆ. ಮೇಲೆ ಮೊಬೈಲ್ ಇಡಲು ಪಾರದರ್ಶಕ ಕಿಟಕಿ ಇರುವ ಬ್ಯಾಗೂ ಬೇಡ. ಬಿಸಿಲಲ್ಲಿ ಫೋನ್ ಕಾಯುತ್ತದೆ, ಮಳೆಯಲ್ಲಿ ಒಳಗೆ ಮಂಜು ಕಟ್ಟಿ ಏನೂ ಕಾಣುವುದಿಲ್ಲ. ಬಕಲ್ ಇರುವ ಬೆಲ್ಟಿನ, 2ರಿಂದ 4 ಲೀಟರ್ ಹಿಡಿಯುವ ಸಾದಾ ಬ್ಯಾಗ್ ಒಂದು ದಿನದ ಸವಾರಿಗೆ ಧಾರಾಳ ಸಾಕು.

ಕ್ಲಿಪ್ ಒತ್ತಿ ಬಿಡಿಸುವ ಬ್ಯಾಗ್ ನಿಮಗೆ ಇಷ್ಟವಾದರೆ ಹ್ಯಾಂಡಲ್‌ನ ದಪ್ಪ ಗೊತ್ತಿರಬೇಕು. ಅದರ ಕ್ಲ್ಯಾಂಪ್ ಸಾಮಾನ್ಯವಾಗಿ 31.8 ಅಥವಾ 25.4 ಮಿಲಿಮೀಟರಿನ ಹ್ಯಾಂಡಲ್‌ಗೆ ಬರುತ್ತದೆ. ಅಳತೆಗೆ ದೊಡ್ಡ ಉಪಕರಣ ಬೇಡ. ಹ್ಯಾಂಡಲ್‌ನ ಮಧ್ಯಭಾಗಕ್ಕೆ ಒಂದು ಸುತ್ತು ದಾರ ಸುತ್ತಿ, ಬಿಡಿಸಿ, ಸ್ಕೇಲಿಗೆ ಹಿಡಿಯಿರಿ. ದಾರ 10 ಸೆಂಟಿಮೀಟರ್ ಬಂದರೆ ಹ್ಯಾಂಡಲ್ 31.8, 8 ಸೆಂಟಿಮೀಟರ್ ಬಂದರೆ 25.4.

ಹ್ಯಾಂಡಲ್ ಸಿದ್ಧ ಮಾಡುವುದು

ಮೊದಲು ಅಲೆನ್ ಕೀ ಹಾಕಿ ಹ್ಯಾಂಡಲ್ ಹಿಡಿದಿರುವ ಬೋಲ್ಟುಗಳನ್ನು ನೋಡಿ. ಅವೇ ಸಡಿಲವಿದ್ದರೆ ಬ್ಯಾಗಿನ ಭಾರಕ್ಕೆ ಹ್ಯಾಂಡಲೇ ತಿರುಗಿಬಿಡುತ್ತದೆ.

ಆಮೇಲೆ ರಬ್ಬರ್. ಹ್ಯಾಂಡಲ್ ಮಧ್ಯದಲ್ಲಿ ದಪ್ಪ ಇದ್ದು ಹಿಡಿಯ ಕಡೆಗೆ ಸಣ್ಣದಾಗುತ್ತದೆ. ನುಣುಪಾದ ಪೇಂಟಿನ ಮೇಲೆ ಬೆಲ್ಟು ಮೆಲ್ಲಗೆ ಆ ಕಡೆಗೇ ಜಾರುತ್ತದೆ. ಪಂಕ್ಚರ್ ಅಂಗಡಿಯಲ್ಲಿ ಬಿಸಾಡಿದ ಹಳೇ ಸೈಕಲ್ ಟ್ಯೂಬ್ ಕೇಳಿ, ಸುಮ್ನೆ ಕೊಡುತ್ತಾರೆ. ಗೇಣುದ್ದದ ಎರಡು ತುಂಡು ಕತ್ತರಿಸಿ, ಉದ್ದಕ್ಕೆ ಸೀಳಿ. ಒಳಗಿನ ಬಿಳಿ ಪುಡಿಯನ್ನು ಒದ್ದೆ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ. ಆ ಪುಡಿ ಉಳಿದರೆ ರಬ್ಬರೇ ಜಾರುತ್ತದೆ. ಬೆಲ್ಟು ಬರುವ ಎರಡೂ ಜಾಗಕ್ಕೆ ಎಳೆದು ಸುತ್ತಿ, ತುದಿಗೆ ಇನ್ಸುಲೇಷನ್ ಟೇಪ್ ಹಾಕಿ.

ವೈರುಗಳು: ಇಲ್ಲಿ ಅವಸರ ಬೇಡ

ಹೆಚ್ಚಿನವರು ತಪ್ಪು ಮಾಡುವುದು ಇಲ್ಲೇ. ಗೇರ್ ಸೈಕಲ್‌ನ ಹ್ಯಾಂಡಲ್ ಮುಂದೆ ಸಾಮಾನ್ಯವಾಗಿ ನಾಲ್ಕು ವೈರು ಕಮಾನಿನ ಹಾಗೆ ಬಾಗಿ ಕೆಳಗಿಳಿಯುತ್ತವೆ. ಎರಡು ಬ್ರೇಕಿನವು, ಎರಡು ಗೇರಿನವು. ಆ ಕಮಾನು ನೋಡಲು ಅಡ್ಡಾದಿಡ್ಡಿ ಅನಿಸಬಹುದು, ಆದರೆ ಹ್ಯಾಂಡಲ್ ತಿರುಗಿದಾಗ ವೈರು ಎಳೆಯದಿರಲಿ ಎಂದೇ ಅಷ್ಟು ಉದ್ದ ಬಿಟ್ಟಿರುತ್ತಾರೆ. ಜನ ಬ್ಯಾಗನ್ನು ತಂದು ಅದರ ಮೇಲೆ ಒತ್ತಿ ಬೆಲ್ಟು ಬಿಗಿಯುತ್ತಾರೆ. ಕಮಾನು ಮಡಿಕೆಯಾಗುತ್ತದೆ. ಹೊರಗಿನ ಕೊಳವೆ ಮಡಿಸಿದರೆ ಒಳಗಿನ ತಂತಿ ಸಲೀಸಾಗಿ ಓಡುವುದಿಲ್ಲ. ಗೇರ್ ಒಂದು ಹಾಕಿದರೆ ಇನ್ನೊಂದು ಬೀಳುತ್ತದೆ, ಬ್ರೇಕ್ ಹಿಡಿದು ಬಿಟ್ಟರೂ ಲಿವರ್ ವಾಪಸ್ ಬರುವುದಿಲ್ಲ. ಆಗ ಅವರು ಗೇರ್ ರಿಪೇರಿಗೆ ಹೋಗುತ್ತಾರೆ! ಆಯಿಲ್ ಡಿಸ್ಕ್ ಬ್ರೇಕ್ ಇದ್ದರಂತೂ ಅದರ ಪೈಪನ್ನು ಮಡಿಸಲೇಬಾರದು.

ಸರಿಯಾದ ಕ್ರಮ ಹೀಗೆ. ಬ್ಯಾಗಿನೊಳಗೆ ಒಂದು ಟವೆಲ್ ತುರುಕಿ. ಖಾಲಿ ಬ್ಯಾಗ್ ಕಟ್ಟಿದರೆ ತುಂಬಿದ ಮೇಲೆ ಎಲ್ಲಿ ಒತ್ತುತ್ತದೆ ಎಂದು ಗೊತ್ತಾಗುವುದಿಲ್ಲ. ಈಗ ಸೈಕಲ್ ಎದುರು ಮಂಡಿಯೂರಿ ಕೂತುಕೊಳ್ಳಿ. ಒಂದು ಕೈಯಲ್ಲಿ ನಾಲ್ಕೂ ವೈರನ್ನು ನಿಮ್ಮ ಕಡೆಗೆ ಮೆಲ್ಲಗೆ ಎಳೆದು ಹಿಡಿಯಿರಿ, ಇನ್ನೊಂದು ಕೈಯಿಂದ ಬ್ಯಾಗನ್ನು ಅವುಗಳ ಹಿಂದೆ, ಹ್ಯಾಂಡಲ್ ಕಡೆಗೆ ತೂರಿಸಿ. ವೈರುಗಳು ಬ್ಯಾಗಿನ ಮುಂದೆ ಸಡಿಲವಾಗಿ ಇಳಿಯಬೇಕು, ಜಡೆ ಎದೆ ಮೇಲೆ ಇಳಿಬಿಟ್ಟ ಹಾಗೆ. ಸಣ್ಣ ಬ್ಯಾಗಾದರೆ ಬಹಳ ಸೈಕಲ್‌ಗಳಲ್ಲಿ ಇದು ಆಗುತ್ತದೆ.

ವೈರು ಗಿಡ್ಡ ಇದ್ದು ಹಾಗೆ ಆಗದಿದ್ದರೆ ಬ್ಯಾಗ್ ವೈರಿನ ಮುಂದೆ ಬರಬೇಕು, ಆದರೆ ನಡುವೆ ಎರಡು ಬೆರಳಷ್ಟು ಜಾಗ ಇರಬೇಕು. ಅದಕ್ಕೆ ಹ್ಯಾಂಡಲ್‌ಗೂ ಬ್ಯಾಗಿಗೂ ಮಧ್ಯೆ ದಿಮ್ಮಿ ಕೊಡಬೇಕು. ಕೆಲವು ಬ್ಯಾಗಿನ ಜೊತೆ ಫೋಮ್ ತುಂಡು ಬರುತ್ತದೆ, ಬಹಳ ಮೆತ್ತಗಿದ್ದರೆ ಎರಡೇ ಸವಾರಿಗೆ ಚಪ್ಪಟೆಯಾಗುತ್ತದೆ. ನಾನು ಹಳೇ ಹವಾಯಿ ಚಪ್ಪಲಿಯ ಅಟ್ಟೆ ಕತ್ತರಿಸುತ್ತೇನೆ. ನಾಲ್ಕು ಸೆಂಟಿಮೀಟರ್ ಚೌಕದ ನಾಲ್ಕು ತುಂಡು, ಒಂದೊಂದು ಕಡೆಗೆ ಎರಡೆರಡು ಜೋಡಿಸಿ, ಮಧ್ಯೆ ಬ್ಲೇಡಿನಿಂದ ಸೀಳು ಮಾಡಿ ಬೆಲ್ಟನ್ನೇ ಅದರೊಳಗೆ ಹಾಯಿಸಿ. ಬೀಳುವುದಿಲ್ಲ, ನೀರಿಗೆ ಕೊಳೆಯುವುದಿಲ್ಲ.

ಜಾಗ ಮಾಡಲೆಂದು ವೈರುಗಳನ್ನೆಲ್ಲ ಒಟ್ಟು ಸೇರಿಸಿ ಪ್ಲಾಸ್ಟಿಕ್ ಟ್ಯಾಗ್ ಹಾಕಿ ಹ್ಯಾಂಡಲ್‌ಗೆ ಬಿಗಿಯುವವರಿದ್ದಾರೆ. ಆ ಕೆಲಸ ಮಾಡಬೇಡಿ.

ರಾಡ್ ಬ್ರೇಕಿನ ಹಳೇ ಸೈಕಲ್ ಇದ್ದರೆ ವೈರಿನ ಗೊಡವೆ ಇಲ್ಲ. ಆದರೆ ಹ್ಯಾಂಡಲ್ ಕೆಳಗೆ ಬ್ರೇಕಿನ ರಾಡ್ ಓಡಾಡುತ್ತದೆ. ಬೆಲ್ಟು ಎರಡನ್ನೂ ಸೇರಿಸಿ ಬಿಗಿದರೆ ಬ್ರೇಕ್ ಕಟ್ಟಿಹಾಕಿದಂತೆಯೇ. ಅಂಥ ಸೈಕಲ್‌ಗೆ ನನ್ನ ಮಾತು ಕೇಳಿ, ಕಬ್ಬಿಣದ ಬುಟ್ಟಿ ಹಾಕಿಸಿ.

ಮೇಲಿನ ಎರಡು ಬೆಲ್ಟು

ಮಧ್ಯದಿಂದ ಸಮ ದೂರದಲ್ಲಿ, ಸಾಧ್ಯವಾದಷ್ಟು ಅಗಲವಾಗಿ ಹಾಕಿ. ಪೂರ್ತಿ ಬಲ ಹಾಕಿ ಬಿಗಿಯಿರಿ. ಉಳಿದ ತುದಿಯನ್ನು ಇನ್ನೊಮ್ಮೆ ಬಕಲ್‌ನೊಳಗೆ ಹಾಯಿಸಿ, ಮಡಿಸಿ, ರಬ್ಬರ್ ಬ್ಯಾಂಡ್ ಹಾಕಿ. ಜೋತಾಡುವ ತುದಿ ಕಡ್ಡಿಗಳಿಗೆ ಸಿಕ್ಕುವುದು ಕ್ಷಣದ ಕೆಲಸ.

ಮೂರನೇ ಬೆಲ್ಟು

ಹ್ಯಾಂಡಲ್ ಕೆಳಗೆ, ಸೈಕಲ್ ಕಂಪನಿಯ ಬಿಲ್ಲೆ ಇರುತ್ತದಲ್ವಾ, ಆ ಗಿಡ್ಡ ಕೊಳವೆಗೆ ಹೆಡ್ ಟ್ಯೂಬ್ ಎನ್ನುತ್ತಾರೆ. ಮೂರನೇ ಬೆಲ್ಟು ಬ್ಯಾಗಿನ ಬೆನ್ನಿನಿಂದ ಹೊರಟು ಅದನ್ನು ಬಳಸಿ ಬರಬೇಕು. ಬ್ಯಾಗ್ ಮುಂದಕ್ಕೆ ಮಗುಚದಂತೆ ತಡೆಯುವುದು ಇದೊಂದೇ.

ಇಲ್ಲಿ ಎರಡು ಸೂಕ್ಷ್ಮ ಇದೆ. ಒಂದು, ಬೆಲ್ಟು ವೈರುಗಳ ಒಳಗಿನಿಂದ ಹೋಗಬೇಕು. ಅಂದರೆ ಕೊಳವೆಗೆ ತಾಗಿಕೊಂಡಿರುವುದು ಬೆಲ್ಟು, ಅದರ ಹೊರಗೆ ವೈರು. ವೈರುಗಳನ್ನೂ ಸೇರಿಸಿ ಕೊಳವೆಗೆ ಕಟ್ಟಿದರೆ ತಿರುವಿನಲ್ಲಿ ಹ್ಯಾಂಡಲ್ ತಿರುಗಿಸಿದಾಗ ವೈರು ಎಳೆದು ಬ್ರೇಕ್ ತಾನಾಗಿ ಹಿಡಿಯಬಹುದು. ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ಸೋಮೇಶ್ವರದ ಕಡೆ ಇಳಿಯುವಾಗ ಒಂದು ತಿರುವಿನಲ್ಲಿ ಹೀಗಾದರೂ ಸಾಕು, ಪಕ್ಕದಲ್ಲಿ ಪ್ರಪಾತ.

ಎರಡು, ಬಿಗಿ. ಹ್ಯಾಂಡಲ್ ತಿರುಗಿದಾಗ ಬ್ಯಾಗೂ ಅದರ ಜೊತೆ ತಿರುಗುತ್ತದೆ, ಆದರೆ ಹೆಡ್ ಟ್ಯೂಬ್ ತಿರುಗುವುದಿಲ್ಲ, ಅದು ಫ್ರೇಮಿನ ಭಾಗ. ಹಾಗಾಗಿ ಈ ಬೆಲ್ಟು ಕೊಳವೆಯ ಸುತ್ತ ಜಾರುತ್ತಿರಬೇಕು. ಮೇಲಿನ ಎರಡರ ಹಾಗೆ ಇದನ್ನೂ ಬಲವಾಗಿ ಬಿಗಿದರೆ ಹ್ಯಾಂಡಲ್ ಗಡುಸಾಗುತ್ತದೆ, ತಿರುವಿನಿಂದ ನೇರಕ್ಕೆ ಬರುವಾಗ ಜಗ್ಗುತ್ತದೆ. ಒಂದು ಬೆರಳು ಕಷ್ಟಪಟ್ಟು ಒಳಗೆ ಹೋಗುವಷ್ಟು ಸಡಿಲ ಬಿಡಿ. ಬೆಲ್ಟು ಉಜ್ಜುವ ಜಾಗಕ್ಕೆ ಪಾರದರ್ಶಕ ಟೇಪ್ ಅಂಟಿಸಿ. ಮರಳು ಸಿಕ್ಕಿಕೊಂಡರೆ ಪೇಂಟು ಒಂದೇ ಮಳೆಗಾಲಕ್ಕೆ ಹೋಗುತ್ತದೆ.

ಬ್ಯಾಗ್ ಉದ್ದವಿದ್ದರೆ ಹೆಡ್ ಟ್ಯೂಬಿನ ಬದಲು ಅದರ ಕೆಳಗೆ ಫೋರ್ಕಿನ ಎರಡು ಕಾಲು ಕೂಡುವ ಜಾಗಕ್ಕೆ ಕಟ್ಟಬಹುದು. ಅದು ಹ್ಯಾಂಡಲ್ ಜೊತೆಗೇ ತಿರುಗುವುದರಿಂದ ಗಟ್ಟಿಯಾಗಿ ಬಿಗಿದರೂ ತೊಂದರೆಯಿಲ್ಲ. ನನಗೆ ಇದೇ ಹೆಚ್ಚು ಇಷ್ಟ.

ನಿಮ್ಮ ಬ್ಯಾಗಿಗೆ ಮೂರನೇ ಬೆಲ್ಟೇ ಇಲ್ಲವೇ? ಬೈಕ್ ಸೀಟ್ ಕವರ್ ಹೊಲಿಯುವವರ ಹತ್ತಿರ ಒಯ್ಯಿರಿ. ದಪ್ಪ ನೈಲಾನ್ ಪಟ್ಟಿಯನ್ನು ಬ್ಯಾಗಿನ ಬೆನ್ನಿಗೆ ಅಡ್ಡ ಇಟ್ಟು, ಚೌಕಾಕಾರವಾಗಿ, ಮಧ್ಯೆ ಗುಣಾಕಾರ ಚಿಹ್ನೆಯ ಹಾಗೆ ಹೊಲಿಯಲು ಹೇಳಿ. ಒಂದೇ ಗೆರೆ ಹೊಲಿಗೆ ಕಿತ್ತುಬರುತ್ತದೆ. ಕೊಕ್ಕೆ ಇರುವ ಎಲಾಸ್ಟಿಕ್ ಹಗ್ಗವನ್ನು ಮಾತ್ರ ಇದಕ್ಕೆ ಬಳಸಬೇಡಿ. ಹಂಪ್ ಹಾರಿದಾಗ ಅದು ಹಿಗ್ಗುತ್ತದೆ, ಕೊಕ್ಕೆ ಬಿಚ್ಚಿಕೊಂಡರೆ ನೇರ ಚಕ್ರದೊಳಕ್ಕೆ.

ಟೈರಿಗೆ ಎಷ್ಟು ದೂರ

ಸಾದಾ ಫೋರ್ಕ್ ಆದರೆ ಬ್ಯಾಗಿನ ತಳಕ್ಕೂ ಟೈರಿಗೂ, ಮಡ್‌ಗಾರ್ಡ್ ಇದ್ದರೆ ಅದಕ್ಕೂ, ನಾಲ್ಕು ಬೆರಳು ಅಂತರವಿರಲಿ. ಮುಂದೆ ಶಾಕ್ ಅಬ್ಸಾರ್ಬರ್ ಇದ್ದರೆ ಲೆಕ್ಕವೇ ಬೇರೆ. ಗುಂಡಿ ಬಂದಾಗ ಫೋರ್ಕ್ ಕುಗ್ಗಿ ಚಕ್ರ ಮೇಲಕ್ಕೆ ಬರುತ್ತದೆ. ಎಷ್ಟೋ ಸೈಕಲ್‌ಗಳಲ್ಲಿ ಅದು 80ರಿಂದ 100 ಮಿಲಿಮೀಟರ್ ಕುಗ್ಗುತ್ತದೆ. ನಿಂತಾಗ ನಾಲ್ಕು ಬೆರಳು ಇದ್ದ ಜಾಗ ಗುಂಡಿಯಲ್ಲಿ ಸೊನ್ನೆ. ಅಂಥ ಸೈಕಲ್‌ನಲ್ಲಿ ಕುಗ್ಗುವಷ್ಟು ಜಾಗದ ಮೇಲೆ ಇನ್ನೂ ಮೂರು ಬೆರಳು ಬೇಕು. ಇಲ್ಲದಿದ್ದರೆ ಇನ್ನೂ ಚಿಕ್ಕ ಬ್ಯಾಗ್ ತನ್ನಿ, ಬೇರೆ ದಾರಿ ಇಲ್ಲ.

ಹೊರಡುವ ಮುನ್ನ

ಹ್ಯಾಂಡಲನ್ನು ಎಡಕ್ಕೆ ಪೂರ್ತಿ, ಬಲಕ್ಕೆ ಪೂರ್ತಿ ತಿರುಗಿಸಿ. ತಿರುಗಿಸಿದ ಹಾಗೇ ಎರಡೂ ಬ್ರೇಕ್ ಹಿಡಿದು ಬಿಡಿ. ಲಿವರ್ ಟಕ್ ಅಂತ ವಾಪಸ್ ಬರಬೇಕು. ಮುಂದಿನ ಚಕ್ರ ಎತ್ತಿ ತಿರುಗಿಸಿ, ಎಲ್ಲಾದರೂ ಸರಸರ ಶಬ್ದ ಬರುತ್ತದೆಯೇ ಕಿವಿಗೊಟ್ಟು ಕೇಳಿ. ಕೊನೆಗೆ ಮುಂದಿನ ಚಕ್ರವನ್ನು ಗೇಣೆತ್ತರಕ್ಕೆ ಎತ್ತಿ ಐದಾರು ಸಲ ನೆಲಕ್ಕೆ ಕುಟ್ಟಿ. ಬ್ಯಾಗ್ ಬೆರಳಗಲ ಜಾರಿದರೂ ಬಿಚ್ಚಿ ಮತ್ತೆ ಕಟ್ಟಿ.

ನೈಲಾನ್ ಬೆಲ್ಟು ಒದ್ದೆಯಾದರೆ ಹಿಗ್ಗುತ್ತದೆ. ಮಳೆಯಲ್ಲಿ ಹೊರಟರೆ ಅರ್ಧ ಗಂಟೆಗೆ ಒಮ್ಮೆ ನಿಂತು ಇನ್ನಷ್ಟು ಎಳೆಯಿರಿ. ಬಿಸಿಲಲ್ಲಿ ಹೊರಟವರೂ ಮೊದಲ ಐದು ಕಿಲೋಮೀಟರ್ ಆದ ಮೇಲೆ ಒಮ್ಮೆ ನೋಡಲೇಬೇಕು.

ದೀಪದ ವಿಷಯ ಮರೆಯಬೇಡಿ. ಬ್ಯಾಗ್ ಬಂದ ಮೇಲೆ ಹ್ಯಾಂಡಲ್ ಮೇಲಿನ ಲೈಟು ಬ್ಯಾಗಿನ ಬೆನ್ನಿಗೆ ಬೆಳಕು ಕೊಡುತ್ತದೆ, ರಸ್ತೆಗಲ್ಲ. ಅದನ್ನು ಫೋರ್ಕಿಗೆ ಇಳಿಸಿ. ಬ್ಯಾಗಿನ ಮುಂದಿನ ಕುಣಿಕೆಗೆ ಸಿಕ್ಕಿಸಿದ ಲೈಟು ತಲೆ ತಗ್ಗಿಸಿಕೊಂಡು ನೆಲ ನೋಡುತ್ತದೆ, ಆಗುಂಬೆಯ ಬೆಳಗಿನ ಮಂಜಿನಲ್ಲಿ ಎದುರಿನವರಿಗೆ ನೀವು ಕಾಣುವುದೇ ಇಲ್ಲ.

ಏನು ತುಂಬಬೇಕು

ಒಟ್ಟು ಎರಡು ಕಿಲೋ ದಾಟಬಾರದು. ಅಡುಗೆಮನೆ ತಕ್ಕಡಿಯಲ್ಲಿ ತೂಗಿ ನೋಡಿ. ಮುಂದೆ ಭಾರ ಜಾಸ್ತಿಯಾದರೆ ಇಳಿಜಾರಿನಲ್ಲಿ ಹ್ಯಾಂಡಲ್ ನಡುಗತೊಡಗುತ್ತದೆ. ಭಾರದ್ದು ಹ್ಯಾಂಡಲ್‌ಗೆ ಹತ್ತಿರ, ತಳದಲ್ಲಿ. ಎಡ ಬಲ ಸಮ ಇರಲಿ. ಸ್ಟೀಲ್ ನೀರಿನ ಬಾಟಲಿ, ಬೀಗದ ಸರಪಳಿ ಇಲ್ಲಿ ಬೇಡವೇ ಬೇಡ, ಅವು ಹಿಂದಿನ ಕ್ಯಾರಿಯರ್‌ಗೆ. ರೇನ್‌ಕೋಟು, ಟ್ಯೂಬು, ಚಿಕ್ಕಿ, ಒಂದು ಡಬ್ಬಿ ಅವಲಕ್ಕಿ ಇಷ್ಟಕ್ಕೆ ಈ ಬ್ಯಾಗು. ಖಾಲಿ ಜಾಗ ಉಳಿದರೆ ಟವೆಲ್ ತುರುಕಿ. ಒಳಗೆ ಅಲುಗಿದರೆ ಹೊರಗೂ ಅಲುಗುತ್ತದೆ.

‘ವಾಟರ್‌ಪ್ರೂಫ್’ ಎಂದು ಬರೆದದ್ದನ್ನು ನಮ್ಮ ಕಡೆಯ ಮಳೆಗೆ ನಂಬಬೇಡಿ. ಜಿಪ್ ಇರುವ ಕಡೆ ನೀರು ಇಳಿಯುತ್ತದೆ. ಅಡಿಕೆ ಅಂಗಳಕ್ಕೆ ಹೊದಿಸುವ ದಪ್ಪ ಪ್ಲಾಸ್ಟಿಕ್ ಶೀಟಿನ ತುಂಡನ್ನು ಒಳಗೆ ಹಾಸಿ, ಸಾಮಾನು ಇಟ್ಟು, ಮೇಲಿಂದ ಮಡಚಿ ಮುಚ್ಚಿ. ಜೋರು ಮಳೆಯಲ್ಲೂ ನನ್ನ ಅವಲಕ್ಕಿ ಒಣಗಿಯೇ ಇದ್ದದ್ದು ಇದರಿಂದ.

ಮನೆಗೆ ಬಂದ ಮೇಲೆ ಬ್ಯಾಗ್ ಬಿಚ್ಚಿ, ಬೆಲ್ಟಿನ ಕೆಸರು ತೊಳೆದು, ಜಿಪ್ ತೆರೆದು ನೆರಳಲ್ಲಿ ಗಾಳಿಗೆ ತೂಗುಹಾಕಿ. ಮಳೆಗಾಲದಲ್ಲಿ ಒದ್ದೆ ಬ್ಯಾಗ್ ಮೂಲೆಗೆ ಎಸೆದರೆ ನಾಲ್ಕೇ ದಿನಕ್ಕೆ ಬೂಷ್ಟು. ಹಾಗಂತ ಬಚ್ಚಲ ಒಲೆ ಮೇಲೆ ಒಣಹಾಕಬೇಡಿ, ಒಳಗಿನ ಲೇಪ ಹಪ್ಪಳದ ಹಾಗೆ ಏಳುತ್ತದೆ. ಹ್ಯಾಂಡಲ್‌ಗೆ ಸುತ್ತಿದ ರಬ್ಬರ್ ಅಲ್ಲೇ ಇರಲಿ, ಮುಂದಿನ ಸಲ ಬೆಲ್ಟು ಎಲ್ಲಿಗೆ ಬರಬೇಕು ಎಂದು ಅದೇ ತೋರಿಸುತ್ತದೆ.